ಗಾಜಿನ ಗೂಡಿನ ಮಹಾಶಯರಿಗೆ, ಕೈ ಎತ್ತದ ಹೆಂಗಸಿನಿಂದ

ಮಾನ್ಯ ದೇಹ ತಪಾಸಣಾ ಯಂತ್ರ ಮಹಾಶಯರೇ,

ನಮ್ಮೂರ ವಿಮಾನ ನಿಲ್ದಾಣದಲ್ಲಿ ಹಗಲಿರುಳೆನ್ನದೆ ನಿಂತು, ಬಂದವರನ್ನೆಲ್ಲ ಒಳಗೆ ಕರೆದು, ಎರಡೂ ಕೈ ಮೇಲೆತ್ತಿಸಿ, ಅವರು ಉಸಿರು ಬಿಡುವಷ್ಟರಲ್ಲಿ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಕಳಿಸಿಕೊಡುವ ತಮಗೆ, ಈರೀ ಸರೋವರದ ದಂಡೆಯ ಈ ಊರಿನಲ್ಲಿ ಮೂರು ತಲೆಮಾರಿನ ಜನಕ್ಕೆ ಪೋಲ್ಕಾ ಕುಣಿತ ಕಲಿಸಿ ಈಗ ವಿಶ್ರಾಂತಳಾಗಿರುವ ಬರ್ನೀಸ್ ಗುರ್ಸ್ಕಿ ಎಂಬ ನಾನು ಮಾಡುವ ಸವಿನಯ ನಮಸ್ಕಾರಗಳು. ತಮ್ಮ ಗಾಜು ನಿರ್ಮಲವಾಗಿಯೂ ತಮ್ಮ ವಿದ್ಯುತ್ತು ನಿರಾತಂಕವಾಗಿಯೂ ಇದೆಯೆಂದು ನಂಬಿದ್ದೇನೆ. ಎಡ ಮೊಣಕಾಲೊಂದನ್ನು ಬಿಟ್ಟರೆ ನಾನೂ ಕ್ಷೇಮ.

ದೂರು ಹೇಳುವ ಮೊದಲು ತಮ್ಮ ಗುಣಗಾನ ಮಾಡುವುದು ನನ್ನ ಕರ್ತವ್ಯ. ತಾವು ಚ್ಯೂಯಿಂಗ್ ಗಮ್ ಅಗಿಯುವುದಿಲ್ಲ. ಎಲ್ಲಿಗೆ ಹೊರಟಿರಿ, ಯಾಕೆ ಹೊರಟಿರಿ, ಮಕ್ಕಳೆಷ್ಟು ಎಂದು ಕೇಳುವುದಿಲ್ಲ. ಬಟ್ಟೆಯ ಒಳಗೆ ನೋಡುವ ಶಕ್ತಿಯಿದ್ದೂ ಮುಖದ ಮೇಲೆ ಒಂದು ಗೆರೆ ಅಲುಗದಂತೆ ನಿಲ್ಲುವ ತಮ್ಮ ಸಂಯಮ ನಮ್ಮ ಚರ್ಚಿನ ಪಾದ್ರಿಗಳಿಗೂ ಇಲ್ಲ. ಆದರೂ ನಮ್ಮ ಮೊದಲ ಭೇಟಿಯಲ್ಲೇ ತಾವು ನನ್ನ ಮನಸ್ಸು ನೋಯಿಸಿದಿರಿ ಎಂಬುದನ್ನು ತಮ್ಮ ಗಮನಕ್ಕೆ ತರಲೇಬೇಕಾಗಿದೆ. ಅದು ಕ್ರಿಸ್‌ಮಸ್ ಮುಗಿದ ವಾರ. ನಾನು ತಮ್ಮ ಹೊಟ್ಟೆಯೊಳಗೆ ಹೊಕ್ಕು, ಪೊಲೀಸರಿಗೆ ಸಿಕ್ಕಿಬಿದ್ದ ಕಳ್ಳಿಯಂತೆ ಕೈ ಎತ್ತಿ ನಿಂತೆ. ಹೊರಗೆ ಬಂದು ನೋಡಿದರೆ ತಮ್ಮ ಪರದೆಯ ಮೇಲೆ ಬೆರಳೂ ಇಲ್ಲದ, ಕುತ್ತಿಗೆಯೂ ಇಲ್ಲದ ಒಂದು ಬೊಂಬೆ ನಿಂತಿತ್ತು. ಅದರ ಸೊಂಟದ ಸುತ್ತ ಹಳದಿ ಚೌಕಗಳು. ಈ ಬೊಂಬೆಯೇ ನೀವು, ಈ ಚೌಕಗಳಲ್ಲಿ ಏನೋ ಅನುಮಾನಾಸ್ಪದವಾದದ್ದಿದೆ ಎಂದು ಅಲ್ಲಿದ್ದವರು ಹೇಳಿದರು. ಅಲ್ಲಿ ಇದ್ದದ್ದು ಹಬ್ಬದ ಉದ್ದಕ್ಕೂ ತಿಂದ, ಹೊಟ್ಟೆಯಲ್ಲಿ ಜಾಮು ತುಂಬಿಕೊಂಡ ಕರಿದ ಬನ್ನುಗಳ ಫಲವೇ ಹೊರತು ಬೇರೇನಲ್ಲ. ಅದರಲ್ಲಿ ಅನುಮಾನಕ್ಕೆ ಎಡೆಯೇ ಇರಲಿಲ್ಲ. ಊರಿಗೆಲ್ಲ ಗೊತ್ತಿದ್ದ ವಿಷಯ.

ಅಂದಿನಿಂದ ನಾನು ತಮ್ಮನ್ನು ನಿರಾಕರಿಸುವ ಹಕ್ಕನ್ನು ಬಳಸಿಕೊಳ್ಳುತ್ತಿದ್ದೇನೆ. ತಮ್ಮ ಕಿರಣಗಳ ಭಯದಿಂದಲ್ಲ, ನಾಚಿಕೆಯಿಂದಂತೂ ಅಲ್ಲವೇ ಅಲ್ಲ. ಮನುಷ್ಯರನ್ನು ಅನುಮಾನಿಸಲೇಬೇಕಾದರೆ ಮನುಷ್ಯರೇ ಅನುಮಾನಿಸಲಿ, ಕೈಯಿಂದ ಮುಟ್ಟಿ ನೋಡಲಿ, ಮುಟ್ಟುವಾಗ ಅವರ ಮುಖ ನನಗೂ ಕಾಣಲಿ ಎಂಬುದಷ್ಟೇ ನನ್ನ ಹಟ. ನನ್ನ ಅಕ್ಕ ಲೋರೇನ್‌ಗೆ ಈ ಹಟ ಅರ್ಥವಾಗುವುದಿಲ್ಲ. ನಾನು 'ನನಗೆ ಯಂತ್ರ ಬೇಡ' ಎಂದ ಕೂಡಲೇ ಅಲ್ಲಿಯ ಸಿಬ್ಬಂದಿ 'ಹೆಂಗಸು, ನಿರಾಕರಣೆ!' ಎಂದು ಮೀನು ಮಾರುವವರ ಹಾಗೆ ಕೂಗುತ್ತಾರೆ, ಸಾಲಿನಲ್ಲಿದ್ದವರೆಲ್ಲ ಕತ್ತು ಹೊರಳಿಸುತ್ತಾರೆ. ತಡವಿ ನೋಡಲು ಹೆಂಗಸೊಬ್ಬಳು ಬರುವ ತನಕ ನಾನು ಪುಟ್ಟ ಗೇಟಿನ ಬಳಿ ಬರಿಗಾಲಲ್ಲಿ ನಿಂತಿರುತ್ತೇನೆ. ಅಷ್ಟರಲ್ಲಿ ಲೋರೇನ್ ತಮ್ಮನ್ನು ದಾಟಿ ಆಚೆ ಹೋಗಿ, ನನ್ನ ಸಾಮಾನನ್ನೂ ಬಾಚಿಕೊಂಡು, ಈಕೆ ನಮ್ಮ ಮನೆಯವಳಲ್ಲ ಎಂಬ ಮುಖ ಮಾಡಿಕೊಂಡು ಬೆಂಚಿನ ಮೇಲೆ ಕೂತಿರುತ್ತಾಳೆ. ಒಮ್ಮೆ ಅವಳು ಇಡೀ ಸಾಲಿಗೆ ಕೇಳುವ ಹಾಗೆ, "ಎಪ್ಪತ್ತು ದಾಟಿದ ಮುದುಕಿ ನೀನು, ನಿನ್ನಲ್ಲಿ ನೋಡೋಕೆ ಏನುಳಿದಿದೆ ಅಂತ ಬಚ್ಚಿಟ್ಕೋತೀಯೆ?" ಅಂದಳು. ಹಿಂದಿದ್ದ ಗಂಡಸರು ನಕ್ಕರು. ನಾನೂ ನಕ್ಕೆ, ಏನು ಮಾಡಲಿ.

ಈಗ ನನ್ನ ನಿಜವಾದ ದೂರಿಗೆ ಬರುತ್ತೇನೆ. ಈಸ್ಟರ್ ಕಳೆದ ಶನಿವಾರ ಮಿಲ್ವಾಕೀಯಲ್ಲಿ ನಮ್ಮ ತಮ್ಮ ಕ್ಯಾಸಿಮಿರನ ಮದುವೆ. ಹೆಂಡತಿ ತೀರಿಹೋಗಿ ಬಹಳ ಕಾಲ ಒಂಟಿಯಾಗಿದ್ದವನು, ತನ್ನ ಹಲ್ಲುಗಳನ್ನು ಒಂದೊಂದಾಗಿ ಕಿತ್ತ ದಂತವೈದ್ಯೆ ವಿಲ್ಮಾಳನ್ನೇ ಮದುವೆಯಾಗಲು ಒಪ್ಪಿಸಿದ್ದ. ನಮ್ಮಲ್ಲಿ ಮದುವೆಯ ಗಂಡು ತಾಯಿಯ ಜೊತೆ ಕುಣಿಯದೆ ಔತಣದ ಕುಣಿತ ಶುರುವಾಗುವುದಿಲ್ಲ. ಅಮ್ಮ ಇಲ್ಲದ್ದರಿಂದ ಆ ಸ್ಥಾನ ನನ್ನದೆಂದು ಕ್ಯಾಸಿಮಿರ್ ಆಗಲೇ ಹೇಳಿಯಾಗಿತ್ತು. ಹಿರಿಯಳು ಲೋರೇನ್ ನಿಜ, ಆದರೆ ಅವಳು ಆಯುಷ್ಯವಿಡೀ ನನ್ನ ಕುಣಿತದ ಸಭೆಗಳ ಬಾಗಿಲಲ್ಲಿ ಕೂತು ಟಿಕೆಟ್ ಹರಿದವಳು. ಒಂದು ಹೆಜ್ಜೆ ಹಾಕಿದ್ದನ್ನು ನಾವ್ಯಾರೂ ಕಂಡಿರಲಿಲ್ಲ. ಕುಣಿಯೋಕೆ ಬರುತ್ತದೆಯೇ ಎಂದು ಯಾರೂ ಕೇಳಿರಲೂ ಇಲ್ಲ. ನನ್ನ ಕೆಂಪು ಕುಣಿತದ ಶೂಗಳನ್ನು ಪೆಟ್ಟಿಗೆಗೆ ಹಾಕಿದರೆ ಎಲ್ಲಿ ಕಳೆದುಹೋಗುತ್ತವೋ ಎಂದು ನಾನು ಕಾಲಿಗೇ ಹಾಕಿಕೊಂಡು ಬಂದಿದ್ದೆ. ಮದುವೆಯ ದಿನ ಬೆಳಿಗ್ಗೆ ತಮ್ಮ ಮುಂದೆ ಅವನ್ನು ಬಿಚ್ಚಿ, ತಟ್ಟೆಯಲ್ಲಿಟ್ಟು, ಎಂದಿನಂತೆ ತಮ್ಮನ್ನು ನಿರಾಕರಿಸಿದೆ.

ಅಂದು ನನ್ನನ್ನು ತಡವಿ ನೋಡಲು ಬಂದವಳು ಒಡೆಸ್ಸಾ ಪ್ರೂಯಿಟ್ ಎಂಬ ಹೊಸಬಳು. ನಲವತ್ತರ ಆಸುಪಾಸು, ಗಟ್ಟಿಮುಟ್ಟಾದ ಹೆಂಗಸು, ಆದರೆ ನೀಲಿ ಕೈಗವಸಿನೊಳಗೆ ಅವಳ ಬೆರಳು ನಡುಗುವುದು ನನಗೆ ಕಾಣುತ್ತಿತ್ತು. ಪಕ್ಕದಲ್ಲಿ ಮೇಲ್ವಿಚಾರಕಿ ಕೆಸ್ಲರ್ ಮೇಡಂ ಕೈಕಟ್ಟಿ ನಿಂತಿದ್ದರು. ಅದು ಒಡೆಸ್ಸಾಳ ಪರೀಕ್ಷೆಯೆಂದು ಹೇಳಿ, ತಡವಾದರೆ ಕ್ಷಮಿಸಬೇಕೆಂದು ಕೇಳಿಕೊಂಡರು. ಎಲ್ಲಿ ಮುಟ್ಟುತ್ತೇನೆ, ಹೇಗೆ ಮುಟ್ಟುತ್ತೇನೆ ಎಂದು ಮೊದಲೇ ಹೇಳಿ ಮುಟ್ಟುವುದು ಅವರ ನಿಯಮ. ಒಡೆಸ್ಸಾ ಹೇಳಿದಳು, ಆದರೆ ಆಮೇಲೆ ಹಾವಿನ ಹುತ್ತಕ್ಕೆ ಕೈ ಹಾಕುವವಳಂತೆ ಬೆರಳ ತುದಿಯಿಂದ ನನ್ನ ಪಕ್ಕೆಯನ್ನು ಸವರಿದಳು. ಮಾನ್ಯರೇ, ನನಗೆ ಕಚಗುಳಿ ಜಾಸ್ತಿ. ನಾನು ಕಿಸಕ್ಕನೆ ನಕ್ಕು ಬಳುಕಿದೆ. ಅಲುಗಿದರೆ ಮತ್ತೆ ಮೊದಲಿನಿಂದ. ಎರಡನೇ ಸಲ ಅವಳು ಇನ್ನೂ ಹೆದರಿ ಇನ್ನೂ ಹಗುರವಾಗಿ ಮುಟ್ಟಿದಳು, ನಾನು ಇನ್ನೂ ಜೋರಾಗಿ ನಕ್ಕೆ. ಬೆಲ್ಟು ಕಟ್ಟಿಕೊಳ್ಳುತ್ತಿದ್ದ ಯಾರೋ ಒಬ್ಬರು ನಮ್ಮನ್ನು ನೋಡಿ ಬೆಲ್ಟು ಕಟ್ಟುವುದನ್ನೇ ಮರೆತರು.

ಅಷ್ಟರಲ್ಲಿ ಪಕ್ಕದ ಸಾಲಿನಲ್ಲಿ ಯಾರದೋ ಕೂಸಿನ ತಳ್ಳುಗಾಡಿ ಸಿಕ್ಕಿಕೊಂಡು ಕೆಸ್ಲರ್ ಮೇಡಂ ಅತ್ತ ಹೋದರು. ಒಡೆಸ್ಸಾ ನನ್ನ ಹಿಂದೆ ನಿಂತು ಪಿಸುಗುಟ್ಟಿದಳು. ಅವಳು ಇದುವರೆಗೆ ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದಳಂತೆ. ಗಂಡನಿಗೆ ಮೂತ್ರಪಿಂಡದ ಕಾಯಿಲೆ. ಈ ಕೆಲಸಕ್ಕೆ ಬಂದರೆ ಅವನ ಚಿಕಿತ್ಸೆಗೆ ವಿಮೆ ಸಿಗುತ್ತದೆ ಎಂದೇ ಬಂದವಳು. ಈ ಪರೀಕ್ಷೆಯಲ್ಲಿ ಆಗಲೇ ಎರಡು ಬಾರಿ ಸೋತಿದ್ದಳು, ಇನ್ನೊಂದು ಅವಕಾಶ ಇಲ್ಲ. "ಗುರುತಿಲ್ಲದವ್ರ ಮೈ ಮುಟ್ಟೋದು ನಂಗೆ ಹೇಗೋ ಆಗತ್ತೆ ಮೇಡಂ," ಅಂದಳು. "ಅವ್ರಿಗೆ ಅವಮಾನ ಆಗತ್ತೇನೋ ಅನ್ಸತ್ತೆ."

ಆಗಲೇ ಮಿಲ್ವಾಕೀ ವಿಮಾನದ ಕೊನೆಯ ಕರೆ ಕೇಳಿಸಿತು. ಕೆಸ್ಲರ್ ಮೇಡಂ ತಿರುಗಿ ಬಂದವರು ಒಳ್ಳೆಯ ಮನಸ್ಸಿನಿಂದಲೇ ನನಗೆ ದಾರಿ ತೋರಿಸಿದರು: ಅದೋ ಯಂತ್ರ ಖಾಲಿಯಿದೆ, ಈಗಲೂ ಒಂದು ಸಲ ಹೊಕ್ಕು ಬಂದರೆ ವಿಮಾನ ಸಿಗುತ್ತದೆ, ಇವಳ ಪರೀಕ್ಷೆಯನ್ನು ಇಲ್ಲಿಗೇ ಮುಗಿದಂತೆ ಬರೆದುಕೊಳ್ಳುತ್ತೇನೆ. ಹೇಗೆ ಮುಗಿದಂತೆ ಎಂದು ಅವರು ಹೇಳಲಿಲ್ಲ, ಹೇಳಬೇಕಾಗಿರಲೂ ಇಲ್ಲ. ಗಾಜಿನಾಚೆಯಿಂದ ಲೋರೇನ್ ಎರಡೂ ಕೈಯಲ್ಲಿ ಚೀಲ ಹಿಡಿದು, "ಜನ್ಮದಲ್ಲಿ ಒಂದೇ ಒಂದ್ಸಲ ಆ ಕೈ ಎತ್ತೇ ಮಾರಾಯ್ತಿ," ಎಂದು ಬೇಡಿಕೊಂಡಳು. ತಮ್ಮ ಹಸಿರು ದೀಪ ಬಾ ಬಾ ಎನ್ನುತ್ತಿತ್ತು. ಸುಳ್ಳು ಹೇಳುವುದಿಲ್ಲ, ನನ್ನ ಒಂದು ಕಾಲು ತಮ್ಮ ಕಡೆಗೆ ತಿರುಗಿತ್ತು. ನನ್ನ ತಮ್ಮನ ಮದುವೆ. ಅವನನ್ನು ಎತ್ತಿ ಆಡಿಸಿದವಳು ನಾನು. ಆದರೆ ಒಡೆಸ್ಸಾ ಆಗಲೇ ಕೈಗವಸು ಬಿಚ್ಚತೊಡಗಿದ್ದಳು, ಬಿಚ್ಚುವ ಆ ರೀತಿ ನೋಡಿ ನನ್ನ ಕಾಲು ತಾನಾಗಿ ಹಿಂದಕ್ಕೆ ಬಂತು. ಲೋರೇನ್‌ಗೆ ನೀನು ಓಡು ಎಂದು ಸನ್ನೆ ಮಾಡಿದೆ. ಅವಳು ಕೆಂಡದಂಥ ಕಣ್ಣು ಬಿಟ್ಟು, ತಿರುಗಿ ಓಡಿದಳು.

ಕುಣಿತ ಕಲಿಯಲು ಬಂದ ನೂರಾರು ಗಂಡುಮಕ್ಕಳು ಹುಡುಗಿಯ ಸೊಂಟದ ಮೇಲೆ ಇದೇ ರೀತಿ ಕೈ ಇಡುತ್ತಿದ್ದರು. ಅವರಿಗೆ ಹೇಳುತ್ತಿದ್ದದ್ದನ್ನೇ ಇವಳಿಗೂ ಹೇಳಿದೆ. "ನೋಡಮ್ಮ, ಹೆದರಿ ಮುಟ್ಟಿದ್ರೇನೇ ಅವಮಾನ. ಇಟ್ಟ ಕೈ ಇಟ್ಟ ಹಾಗಿರ್ಲಿ. ನಾನು ಗಾಜಲ್ಲ, ಒಡೆಯಲ್ಲ." ಕೆಸ್ಲರ್ ಮೇಡಂ ಕೇಳಿಸದವರಂತೆ ಚಾವಣಿ ನೋಡಿದರು. ನಾನು ಕೈ ಚಾಚಿ ನಿಂತು ಮೆಲ್ಲಗೆ ಒಂದು ಪೋಲ್ಕಾ ಗುನುಗಿದೆ, ಅವಳು ಆ ಲಯಕ್ಕೇ ಹೊಸ ಕೈಗವಸು ತೊಟ್ಟು, ಹೇಳಬೇಕಾದ್ದನ್ನೆಲ್ಲ ಹೇಳಿ, ಬೆನ್ನು, ತೋಳು, ಸೊಂಟ, ಕಾಲು ಎಂದು ಹಿಟ್ಟು ನಾದುವವಳ ಭರವಸೆಯಲ್ಲಿ ಮುಟ್ಟಿ ಮುಗಿಸಿದಳು. ನನಗೆ ನಗು ಬರಲಿಲ್ಲ. ಆ ಕೈಗವಸನ್ನು ಒರೆಸಿದ ತುಂಡು ಬಟ್ಟೆಯನ್ನು ತಮ್ಮ ಚಿಕ್ಕ ಬಂಧುವಾದ, ಸ್ಫೋಟಕದ ಸುಳಿವು ಹುಡುಕುವ ಇನ್ನೊಂದು ಪೆಟ್ಟಿಗೆಗೆ ತೋರಿಸಿದಾಗ ಅದೂ ತಕರಾರಿಲ್ಲವೆಂದಿತು. ಕೆಸ್ಲರ್ ಮೇಡಂ ಒಡೆಸ್ಸಾಳ ಭುಜ ತಟ್ಟಿ, ಸೋಮವಾರದಿಂದ ಒಬ್ಬಳೇ ನಿಲ್ಲಬಹುದು ಎಂದರು. ಅವಳು ಗೋಡೆಗೆ ಒರಗಿ ಮುಖ ಮುಚ್ಚಿಕೊಂಡಳು.

ನನ್ನ ವಿಮಾನ ಹಾರಿತ್ತು. ಅದರ ಜೊತೆಗೆ ನನ್ನ ಶೂಗಳೂ ಹಾರಿದ್ದವು; ಲೋರೇನ್ ಎಂದಿನ ಅಭ್ಯಾಸದಂತೆ ಅವನ್ನೂ ಬಾಚಿಕೊಂಡು ಓಡಿದ್ದಳು. ಷಿಕಾಗೋ ಸುತ್ತಿ ಹೋಗುವ ಇನ್ನೊಂದು ವಿಮಾನದಲ್ಲಿ ಜಾಗ ಸಿಕ್ಕಿತು, ಆದರೆ ಕಾಲುಚೀಲದಲ್ಲಿ ನಿಲ್ದಾಣವಿಡೀ ಅಲೆಯುವುದು ಹೇಗೆ? ಊಟದ ಬಿಡುವಿನಲ್ಲಿ ಒಡೆಸ್ಸಾ ನನ್ನನ್ನು ಹುಡುಕಿಕೊಂಡು ಬಂದಳು. ಕೈಯಲ್ಲಿ ಅಡುಗೆಮನೆಯಲ್ಲಿ ಹಾಕುವ ಬಿಳಿ ರಬ್ಬರ್ ಶೂ. "ಇವತ್ತು ಫೇಲಾಗಿದ್ರೆ ಸೋಮವಾರದಿಂದ ಇವೇ ಗತಿ ಅಂತ ಲಾಕರಿನಲ್ಲಿ ಇಟ್ಟಿದ್ದೆ ಮೇಡಂ. ಇನ್ನು ನಂಗೆ ಬೇಡ." ನನ್ನ ಕಾಲಿಗೆ ಅವು ದೋಣಿಯಷ್ಟು ದೊಡ್ಡವು. ಮುಂದೆ ಕಾಗದದ ಕರವಸ್ತ್ರ ತುರುಕಿಕೊಂಡೆ.

ನಾನು ಮದುವೆಯ ಸಭಾಂಗಣ ತಲುಪುವಾಗ ಕತ್ತಲಾಗುತ್ತಿತ್ತು. ಅಕಾರ್ಡಿಯನ್ ಸದ್ದು ರಸ್ತೆಗೇ ಕೇಳುತ್ತಿತ್ತು, ಅಂದರೆ ನನ್ನ ಕುಣಿತ ಯಾರೋ ಕುಣಿದಾಗಿತ್ತು. ಬಾಗಿಲಲ್ಲಿ ನಿಂತು ನೋಡಿದೆ. ನಡುವೆ ಕ್ಯಾಸಿಮಿರ್, ಅವನ ತೋಳಿನಲ್ಲಿ ನನ್ನ ಅಕ್ಕ ಲೋರೇನ್, ಅವಳ ಕಾಲಲ್ಲಿ ನನ್ನ ಕೆಂಪು ಶೂ. ನನ್ನದು ಅವಳಿಗೆ ಬಿಗಿ. ಬೆರಳು ಮಡಚಿಕೊಂಡೇ ಕುಣಿಯುತ್ತಿದ್ದಳು. ಹೆಜ್ಜೆಯೊಂದೂ ತಪ್ಪುತ್ತಿರಲಿಲ್ಲ. ಟಿಕೆಟ್ ಹರಿಯುತ್ತ ಕೂತವಳು ಎಲ್ಲವನ್ನೂ ನೋಡಿಯೇ ಕಲಿತಿದ್ದಳು, ಇಷ್ಟು ವರ್ಷ. ಮೊದಲ ಕುಣಿತಕ್ಕೆ ನನಗಾಗಿ ಕಾದು ಕಾದು, ಕೊನೆಗೆ ಕ್ಯಾಸಿಮಿರನೇ ಹೋಗಿ ಅವಳ ಮುಂದೆ ಕೈ ಚಾಚಿದನಂತೆ. ಆಮೇಲೆ ಅವಳು ಕೂತೇ ಇರಲಿಲ್ಲ. ನನಗೆ ಸಂತೋಷವಾಯಿತು. ಹೊಟ್ಟೆಕಿಚ್ಚೂ ಆಯಿತು, ಸಂತೋಷಕ್ಕಿಂತ ಒಂದು ಹಿಡಿ ಹೆಚ್ಚೇ. ನಾನು ಬಂದದ್ದನ್ನು ಕಂಡ ಲೋರೇನ್ ನಿಲ್ಲಲಿಲ್ಲ. ಸುತ್ತುತ್ತ ನನ್ನ ಹತ್ತಿರ ಬಂದಾಗ, "ಇನ್ನೊಂದು ಹಾಡು ಮುಗೀಲಿ ಕಣೇ, ಆಮೇಲೆ ಕೊಡ್ತೀನಿ," ಅಂದು ಸುತ್ತುತ್ತಲೇ ದೂರ ಹೋದಳು. ನಾನು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತೆ. ಆಮೇಲೆ ರಬ್ಬರ್ ಶೂಗಳಲ್ಲೇ ಮದುಮಗಳು ವಿಲ್ಮಾಳ ಜೊತೆ ಕುಣಿದೆ. ಹಲ್ಲಿನ ಡಾಕ್ಟರಾದರೂ ಅವಳ ಹಿಡಿತ ಮೃದು.

ಆದ್ದರಿಂದ ಮಾನ್ಯರೇ, ಅಂದು ತಮ್ಮೊಳಗೆ ಒಮ್ಮೆ ಹೊಕ್ಕು ಬಂದಿದ್ದರೆ ತಪ್ಪಿಹೋಗುತ್ತಿದ್ದ ಇಷ್ಟೆಲ್ಲ ನಷ್ಟಕ್ಕೆ ತಾವೇ ಹೊಣೆಯೆಂದು ನಾನು ದೂರು ಸಲ್ಲಿಸುತ್ತಿದ್ದೇನೆ. ತಪ್ಪಿದ ವಿಮಾನ, ಕೊಳೆಯಾದ ಕಾಲುಚೀಲ, ಕೈತಪ್ಪಿದ ಕುಣಿತ, ಮತ್ತು ಈಗ ಪ್ರತಿ ಶುಕ್ರವಾರ ನನ್ನ ಶೂ ಕೇಳಿಕೊಂಡು ಬರುವ ಅಕ್ಕ. ಪರಿಹಾರ ನಾನು ಕೇಳುವುದಿಲ್ಲ. ಇನ್ನು ಮುಂದೆ ತಾವು ನಮ್ಮ ಸುತ್ತ ತಿರುಗುವ ಮೊದಲು ತಿರುಗಲೇ ಎಂದು ಒಂದು ಮಾತು ಕೇಳಿ ತಿರುಗಬೇಕು, ಯಾರಿಗಾದರೂ ಅವಮಾನವಾದೀತೆಂದು ವರ್ಷಕ್ಕೆ ಒಮ್ಮೆಯಾದರೂ ತಮ್ಮ ಗಾಜು ನಡುಗಬೇಕು, ಸೇವಾ ಪರೀಕ್ಷೆಯಲ್ಲಿ ತಾವೂ ಎರಡು ಬಾರಿ ಸೋತು ಮೂರನೆಯದಕ್ಕೆ ಹಾಜರಾಗಬೇಕು, ಮತ್ತು ಬರಿಗಾಲ ಪ್ರಯಾಣಿಕರಿಗಾಗಿ ಒಳಗೆಲ್ಲಾದರೂ ಒಂದು ಜೊತೆ ಹಳೆಯ ಶೂ ಇಟ್ಟುಕೊಂಡಿರಬೇಕು ಎಂದಷ್ಟೇ ಪ್ರಾರ್ಥಿಸುತ್ತೇನೆ. ಇಷ್ಟು ತಮ್ಮಿಂದಾದರೆ ಮಾರನೆಯ ದಿನವೇ ನಾನು ಬಂದು ಎರಡೂ ಕೈ ಎತ್ತುತ್ತೇನೆ.

ಲೋರೇನ್‌ಳನ್ನು ತಾವು ನೆಚ್ಚಿಕೊಳ್ಳಬೇಡಿ. ಮದುವೆಯಿಂದ ಮರಳುವಾಗ ಮಿಲ್ವಾಕೀ ನಿಲ್ದಾಣದಲ್ಲಿ ಅವಳೂ ಯಂತ್ರ ಬೇಡವೆಂದಳು. ತಡವಿದ ಹೆಂಗಸಿಗೆ ತಾನು ಕುಣಿದ ಅಷ್ಟೂ ಹಾಡುಗಳ ಕಥೆ ಹೇಳಿದಳು. ಅವಳಿಗಿಂತ ಮೊದಲೇ ತಡವಿಸಿಕೊಂಡು, ಎರಡು ಜೊತೆ ಶೂ ಮಡಿಲಲ್ಲಿಟ್ಟುಕೊಂಡು ಆಚೆ ಬೆಂಚಿನ ಮೇಲೆ ಕಾಯುತ್ತಿದ್ದವಳು ನಾನು. ಈಕೆ ನಮ್ಮ ಮನೆಯವಳಲ್ಲ ಎಂಬ ಮುಖ ಮಾಡಲು ನನಗೂ ಬರುತ್ತದೆಂದು ಅಂದು ತಿಳಿಯಿತು.

ತಮ್ಮ ವಿಶ್ವಾಸಿ, ಆದರೆ ತಮ್ಮ ಹೊರಗೇ ಉಳಿದಿರುವ,
ಬರ್ನೀಸ್ ಗುರ್ಸ್ಕಿ

ತಾ.ಕ.: ಕಳೆದ ವಾರ ಒಡೆಸ್ಸಾಳ ಗಂಡನಿಗೆಂದು ಬಾರ್ಲಿ ಸೂಪು ಕೊಡಲು ಬಂದಿದ್ದೆ. ತಾವು ಕೆಟ್ಟು ನಿಂತಿದ್ದಿರಿ. ರಿಪೇರಿಯ ಮನುಷ್ಯನೊಬ್ಬ ತಮ್ಮ ಪಕ್ಕೆಯ ಮುಚ್ಚಳ ಬಿಚ್ಚಿ, ಮೊಣಕೈ ತನಕ ಕೈ ತೂರಿಸಿ, ಎಲ್ಲಿದೆ ತೊಂದರೆ ಎಂದು ಒಳಗೆಲ್ಲ ತಡವುತ್ತಿದ್ದ. ಜನ ಸುತ್ತ ನಿಂತು ನೋಡುತ್ತಿದ್ದರು. ಪಾಪ, ಎಲ್ಲಿ ಮುಟ್ಟುತ್ತೇನೆಂದು ಅವನು ತಮಗೆ ಮೊದಲೇ ಹೇಳಿದ್ದನೇ?