ಮಾವನ ಹೊಲದಲ್ಲಿ ಜಂಬೋ ಜೆಟ್

"ನಾನು ಬದುಕಿರೋ ತನಕ ಆ ಸಾಫ್ಟ್‌ವೇರಿನ ಹೊಸ ವರ್ಷನ್ನು ಈ ಮನೆ ಹೊಸಿಲು ದಾಟಲ್ಲ! ಬರೆದಿಟ್ಕೋ ಬೇಕಾದ್ರೆ!"

ರಮೇಶ್‌ಬಾಬು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೀಗೆ ಗುಡುಗಿದಾಗ ಅವನ ಹೆಂಡತಿ ಭಾನುಪ್ರಿಯಾ ಹಿದುಕಬೇಳೆ ಸಾರಿಗೆ ಅವರೆಕಾಳು ಹಿದುಕುತ್ತಿದ್ದಳು. ಇಂಥ ಘೋರ ಶಪಥ ಕೇಳಿಯೂ ಅವಳು ತಲೆ ಎತ್ತಲಿಲ್ಲ. ಸಾರಿನ ಕೆಲಸ ಮುಗಿಯುವ ತನಕ ಗಂಡನ ಶಪಥಗಳನ್ನು ಅವಳು ಲೆಕ್ಕಕ್ಕೆ ಹಿಡಿಯುವವಳಲ್ಲ.

ರಮೇಶ್‌ಬಾಬು ಚಿಂತಾಮಣಿಯ ಹಾಲಿನ ಡೇರಿಯೊಂದರಲ್ಲಿ ಸೂಪರ್‌ವೈಸರ್. ಹಗಲೆಲ್ಲ ಹಾಲಿನ ಕ್ಯಾನುಗಳ ನಡುವೆ ಫ್ಯಾಟು ಕಮ್ಮಿ, ನೀರು ಜಾಸ್ತಿ ಎಂದು ಬಡಿದಾಡಿ, ಸಂಜೆ ಮನೆಗೆ ಬಂದು ಕೈಕಾಲು ತೊಳೆದು ಕಂಪ್ಯೂಟರ್ ಮುಂದೆ ಕೂತನೆಂದರೆ ಸಾಕ್ಷಾತ್ ಕ್ಯಾಪ್ಟನ್ ರಮೇಶ್‌ಬಾಬು! ಕೂತ ಕುರ್ಚಿಯಲ್ಲೇ ವಿಮಾನ ಹಾರಿಸಬಹುದಾದ ಫ್ಲೈಟ್ ಸಿಮ್ಯುಲೇಟರ್ ಅವನ ಪ್ರಾಣ. ನಿಜವಾದ ವಿಮಾನದ ಮೆಟ್ಟಿಲು ಆತ ಹತ್ತಿದವನಲ್ಲ. ಹತ್ತದಿದ್ದರೇನು? ದುಬೈ, ಲಂಡನ್ನು, ಸಿಂಗಪುರಗಳಲ್ಲಿ ಅವನು ಇಳಿಸದ ವಿಮಾನವಿಲ್ಲ. ಸಂಜೆಯ ಲೋಡ್ ಶೆಡ್ಡಿಂಗ್ ಒಂದನ್ನು ಬಿಟ್ಟರೆ ಅವನನ್ನು ಆಕಾಶದಿಂದ ಕೆಡವಿದವರಿಲ್ಲ!

ಈ ಸಿಮ್ಯುಲೇಟರಿಗೆ ಅವನು ತೊಡಿಸಿದ ಒಡವೆಗಳೇನು ಕಮ್ಮಿಯೇ? ಕೈಗೆ ಜಾಯ್‌ಸ್ಟಿಕ್ಕು, ಕಾಲಿಗೆ ಪೆಡಲ್ಲು, ಬೆಂಗಳೂರಿನಿಂದ ಹುಡುಕಿ ತಂದ ಜಂಬೋ ಜೆಟ್ಟು, ಹಿಮಾಲಯ ಪರ್ವತ, ಕೊನೆಗೆ ಮೋಡಗಳದ್ದೇ ಒಂದು ಸಿ.ಡಿ. "ಮಳೆ ಸುರಿಸದ ಮೋಡಕ್ಕೂ ದುಡ್ಡು ಕೊಟ್ಟೋರು ಅಂದ್ರೆ ನಮ್ಮ ತಾಲ್ಲೂಕಿಗೆ ಇವರೊಬ್ಬರೇ" ಎಂದು ಭಾನುಪ್ರಿಯಾ ನೆಂಟರಿಷ್ಟರಿಗೆಲ್ಲ ಹೇಳಿದ್ದಳು. ಈಗ ಕಂಪನಿಯವರು ಹೊಸ ವರ್ಷನ್ ಬಿಟ್ಟಿದ್ದಾರೆ. ಅದರಲ್ಲಿ ಹೀಗೆ ಮೇಲಿಂದ ಸೇರಿಸಿದ ಹಳೆಯ ಆಡ್‌ಆನ್‌ಗಳು ಒಂದೂ ಕೂರುವುದಿಲ್ಲವಂತೆ! ಶಪಥದ ಮೂಲ ಇದು.

"ಇದ್ಯಾವ ನ್ಯಾಯ ಹೇಳು! ಹೊಸ ಎತ್ತು ಕೊಂಡ್ರೆ ಹಳೇ ಗಾಡಿ ಕಟ್ಟಂಗಿಲ್ಲ ಅಂದಂಗಾಯ್ತು!"

"ನಾನು ಮಿಕ್ಸಿ ಕೇಳ್ದಾಗ ನೀವೂ ಹಿಂಗೇ ಅಂದಿದ್ರಿ. ಹೊಸದು ತಂದ್ರೆ ಹಳೇ ಜಾರು ಕೂರಲ್ಲ, ಸುಮ್ನೆ ದಂಡ ಅಂತ."

"ಅದು ಬೇರೆ, ಇದು ಬೇರೆ!"

"ಹೂಂ ಮತ್ತೆ. ಅದರಲ್ಲಿ ಚಟ್ನಿ ಆದ್ರೂ ಆಗುತ್ತೆ."

ಅವನ ಹೊಟ್ಟೆಯುರಿಗೆ ಇನ್ನೂ ದೊಡ್ಡ ಕಾರಣವಿತ್ತು. ಆ ಆಡ್‌ಆನ್‌ಗಳಲ್ಲಿ ಒಂದು ಅಂಗಡಿಯಿಂದ ತಂದದ್ದಲ್ಲ, ಸ್ವಂತ ಕೈಯಿಂದ ಕಟ್ಟಿದ್ದು. ಕಂಪನಿಯವರ ಭೂಪಟದಲ್ಲಿ ಚಿಂತಾಮಣಿಯೇ ಇರಲಿಲ್ಲ! ಅಂಬಾಜಿದುರ್ಗ ಇರಬೇಕಾದ ಕಡೆ ಸಗಣಿ ಸಾರಿಸಿದ ಅಂಗಳದ ಹಾಗೆ ಬರೀ ಹಸಿರು ಬಯಲು. ಸ್ವಾಭಿಮಾನಿ ರಮೇಶ್‌ಬಾಬು ಇದನ್ನು ಸಹಿಸುವುದುಂಟೆ? ಸೊಂಟ ನೋಯುವ ತನಕ ತಿಂಗಳುಗಟ್ಟಲೆ ಕೂತು ದುರ್ಗದ ಬೆಟ್ಟ ಎಬ್ಬಿಸಿದ, ಕೋಟೆಗೋಡೆ ಕಟ್ಟಿದ, ಬುಡದಲ್ಲಿ ಹುಣಸೇಮರ ನೆಟ್ಟ. ಅಷ್ಟೂ ಆದ ಮೇಲೆ 'ಚಿಂತಾಮಣಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ' ನಿರ್ಮಿಸಿದ. ರನ್‌ವೇಗೆ ಸಮತಟ್ಟಾದ ಜಾಗ ಬೇಕಲ್ಲ? ದುರ್ಗದ ಕೆಳಗೆ ಅಂಥ ಜಾಗವೆಂದರೆ ಅವನ ಮಾವ ಮುನಿವೆಂಕಟಪ್ಪನವರ ಹಿಪ್ಪುನೇರಳೆ ತೋಟ. ಮಾವನ ಆಸ್ತಿಯ ಮೇಲೆ ಅಳಿಯನಿಗಿಲ್ಲದ ಹಕ್ಕು ಇನ್ಯಾರಿಗಿದೆ ಎಂದು ಯಾರನ್ನೂ ಕೇಳದೆ ಸಿಮೆಂಟ್ ಸುರಿದ.

ಅದನ್ನು ಯಾರಿಗೂ ತೋರಿಸದೆ ಸುಮ್ಮನಿದ್ದಿದ್ದರೆ ಮುಂದಿನದೆಲ್ಲ ಆಗುತ್ತಿರಲಿಲ್ಲ. ಆದರೆ ಶಪಥದ ನಂತರ ಒಂದು ದಿನ ಟೊಮೇಟೊ ಮಂಡಿಗೆ ಬಂದ ಮುನಿವೆಂಕಟಪ್ಪ ಮಗಳ ಮನೆಗೆ ಊಟಕ್ಕೆ ಬಂದರು. ಕ್ಯಾಪ್ಟನ್ನರಿಗೆ ಹೆಚ್ಚುಗಾರಿಕೆ ತಡೆಯಲಾಗಲಿಲ್ಲ.

"ಇದು ನಮ್ಮ ದುರ್ಗ ಅಲ್ವೇನಪ್ಪ?" ಮಾವನವರ ಮೂಗು ಮಾನಿಟರಿಗೆ ಅಂಟಿತು.

"ಹೌದು ಮಾವ. ಕೆಳಗಡೆ ನೋಡಿ, ನಿಮ್ಮ ಹೊಲ."

"ಹಿಪ್ಪುನೇರಳೆ ಎಲ್ಲೋಯ್ತು?"

"ತೆಗೆದು ರನ್‌ವೇ ಹಾಕಿದೀನಿ."

"ಹಾಕಪ್ಪ, ಅದಕ್ಕೇನು. ಅಲ್ಲ, ಇದೇನು ಇಷ್ಟುದ್ದ ಐತೆ? ನಮ್ಮದು ಹುಣಸೇಮರದ ತಾವ ಮುಗೀತದಲ್ಲ?"

"ಜಂಬೋ ಜೆಟ್ ಏಳಬೇಕಂದ್ರೆ ಉದ್ದ ಬೇಕು ಮಾವ. ಅದಕ್ಕೇ ಚಿಕ್ಕಮಾವನ ಹೊಲಾನೂ ಸೇರಿಸ್ಕೊಂಡೆ."

"ಮಧ್ಯದಾಗೆ ಬದು?"

"ಬದು ಇದ್ರೆ ವಿಮಾನ ಮುಗ್ಗರಿಸುತ್ತೆ. ಕಿತ್ತುಹಾಕ್ದೆ."

ಮುನಿವೆಂಕಟಪ್ಪನವರ ಮುಖ ಊರಗಲವಾಯಿತು. ಅವರಿಗೂ ಪಕ್ಕದ ಹೊಲದ ತಮ್ಮ ಕೋನಪ್ಪನವರಿಗೂ ಮಾತು ಬಿಟ್ಟು ಯಾವ ಕಾಲವಾಗಿತ್ತೋ! ಜಗಳವೆಲ್ಲ ಎರಡು ಹೊಲಗಳ ನಡುವಿನ ಆ ಬದುವಿನದೇ.

"ಅಬ್ಬಬ್ಬಾ! ಕೋರ್ಟ್‌ನಾಗೆ ಆಗದೇ ಇದ್ದಿದ್ದು ಕಂಪ್ಯೂಟರ್‌ನಾಗೆ ಆಗೋಯ್ತಲ್ಲಪ್ಪ! ಅಲ್ಲುಡು ಅಂದ್ರೆ ನೀನಪ್ಪ ಅಲ್ಲುಡು!" ಎಂದು ಖುಷಿಗೆ ತೆಲುಗನ್ನೂ ಬೆರೆಸಿ ಅಳಿಯನ ಬೆನ್ನು ತಟ್ಟಿ, ಊಟವನ್ನೂ ಅರ್ಧಕ್ಕೆ ಬಿಟ್ಟು ಬಸ್ಸು ಹಿಡಿದರು.

ಅದು ಪಹಣಿಗಳೆಲ್ಲ ಕೈಬರಹ ಬಿಟ್ಟು ಕಂಪ್ಯೂಟರಿನಿಂದ ಬರಲು ಶುರುವಾಗಿ ಕೆಲವೇ ವರ್ಷ ಕಳೆದಿದ್ದ ಕಾಲ. ಹಳ್ಳಿಯವರ ಪಾಲಿಗೆ ಕಂಪ್ಯೂಟರಿನಲ್ಲಿ ಬಂದದ್ದೆಲ್ಲ ಪಹಣಿಯೇ. ಅರಳಿಕಟ್ಟೆಯ ಮೇಲೆ ಮುನಿವೆಂಕಟಪ್ಪ, "ಕಂಪ್ಯೂಟರ್‌ನಾಗೆ ಬದು ಇಲ್ಲ ಕಣ್ರಪ್ಪ, ಎಲ್ಲಾ ಒಂದೇ ಹೊಲ ಅಂತ ಬಂದ್ಬಿಟ್ಟೈತೆ!" ಎಂದು ಮೀಸೆ ತಿರುವಿದ್ದೇ ತಡ, ಮರುದಿನ ಮೊದಲ ಬಸ್ಸಿಗೇ ಕೋನಪ್ಪ ಚಿಂತಾಮಣಿಗೆ ಬಂದಿಳಿದರು.

"ನನ್ನ ಬದು ಅಳಿಸಿದೋನು ಎಲ್ಲಿ?"

"ಮೊದ್ಲು ಕಾಫಿ ಕುಡೀರಿ ಚಿಕ್ಕಪ್ಪ" ಎಂದಳು ಭಾನುಪ್ರಿಯಾ.

"ಬದು ಬಂದ್ಮೇಲೆ ಕಾಫಿ ಕಣಮ್ಮ!"

"ಚಿಕ್ಕಮಾವ, ಇದು ಬರೀ ಆಟ!" ರಮೇಶ್‌ಬಾಬು ಕೈ ಮುಗಿದ.

"ಆಟ ಆದ್ರೆ ನಿಮ್ಮ ಮಾವನ ಹೊಲದಾಗೆ ಆಡ್ಕೋ. ನನ್ನ ಹೊಲಕ್ಕೆ ಯಾಕಪ್ಪ ಬರ್ತೀಯ? ಪಹಣೀನೂ ಕಂಪ್ಯೂಟರ್‌ನಾಗೇ ಬರ್ತದೆ. ಅದೂ ಆಟಾನಾ?"

ಕೊನೆಗೆ ಜಗತ್ತಿನ ಯಾವ ವಿಮಾನ ನಿಲ್ದಾಣಕ್ಕೂ ಇಲ್ಲದ ಸೌಲಭ್ಯವೊಂದನ್ನು ಅವನು ಒದಗಿಸಬೇಕಾಯಿತು: ರನ್‌ವೇ ನಟ್ಟನಡುವೆ ಮೊಳಕಾಲುದ್ದದ ಮಣ್ಣಿನ ಬದು! ಕೋನಪ್ಪನವರ ಅಪ್ಪಣೆಯಂತೆ ಪರೀಕ್ಷಾರ್ಥವಾಗಿ ಜಂಬೋ ಜೆಟ್ ಓಡಿಸಿದ. ಅದು ಭೋರ್ಗರೆದು ಬಂದು, ಬದುವಿಗೆ ಎಡವಿ, ಮೂತಿ ನೆಲಕ್ಕೆ ಕೊಟ್ಟು ಮಕಾಡೆ ಬಿತ್ತು.

"ಈಗ ಸರಿಹೋಯ್ತು" ಎಂದರು ಕೋನಪ್ಪ. "ಕಾಫಿ ತಾರಮ್ಮ."

ಸುದ್ದಿ ಊರಿಗೆ ಹೋಯಿತು. ಮಾವನವರು ಬಂದರು. ಬದು ಹಾಕಿದ್ದೇ ತಪ್ಪು, ಅದರಲ್ಲೂ ಹುಣಸೇಮರದ ಈಚೆಗೆ ಹಾಕಿದ್ದು ಮಹಾಪರಾಧ! ಅವರ ಬೆನ್ನಿಗೇ ಕೋನಪ್ಪ. ಅಲ್ಲಿಂದಾಚೆ ಭಾನುವಾರ ಬಂತೆಂದರೆ ಅಣ್ಣ ಸೋಫಾದ ಆ ತುದಿ, ತಮ್ಮ ಈ ತುದಿ. ಒಬ್ಬರಿಗೊಬ್ಬರು ಮಾತಾಡುವಂತಿಲ್ಲವಾದ್ದರಿಂದ ಎಲ್ಲ ರಮೇಶ್‌ಬಾಬುವಿನ ಮೂಲಕವೇ.

"ಅಳೀಮಯ್ಯ, ಪಕ್ಕದಾಗೆ ಕುಂತಿರೋರಿಗೆ ಹೇಳು, ಬದು ಹುಣಸೇಮರದಿಂದ ಆಚೆಗೆ ಐತೆ ಅಂತ" ಎನ್ನುವರು ಅಣ್ಣ.

"ಹೇಳ್ದೋರಿಗೆ ಹೇಳಪ್ಪ, ಆ ಮರ ನೆಟ್ಟಿದ್ದು ನಮ್ಮಪ್ಪ ಅಂತ."

"ಅವರಪ್ಪ ನನಗೂ ಅಪ್ಪಾನೇ ಅಲ್ವಾ, ಕೇಳಪ್ಪ!"

ರಮೇಶ್‌ಬಾಬು ಮೌಸ್ ಹಿಡಿದು ಬದುವನ್ನು ಒಮ್ಮೆ ಆಚೆ, ಒಮ್ಮೆ ಈಚೆ ಎಳೆಯುತ್ತ ಕೂತ. ಕಂಪ್ಯೂಟರ್ ಯಾರದು? ಕರೆಂಟ್ ಬಿಲ್ ಕಟ್ಟುವವರು ಯಾರು? ಬೆಟ್ಟ ಎಬ್ಬಿಸಿದವರು ಯಾರು? ಬ್ರಹ್ಮಾಂಡವನ್ನೇ ಸೃಷ್ಟಿಸಿದವನಿಗೆ ಒಂದು ಬದು ಹಾಕುವ ಸ್ವಾತಂತ್ರ್ಯವಿಲ್ಲವೇ! ಹಗಲೆಲ್ಲ ಕಾದು ಜೆಟ್ ಹಾರಿಸಲು ಕೂತರೆ ಅದು ಓಡುವುದೂ, ಎಡವುವುದೂ, ಮಕಾಡೆ ಬೀಳುವುದೂ ನಿತ್ಯವಿಧಿಯಾಯಿತು.

"ಪೈಲಟ್ ಆಗ್ತೀನಿ ಅಂತ ಕೂತೋರು ಬದು ಹಾಕೋ ಕೂಲಿ ಆಗ್ಬಿಟ್ರಲ್ರೀ" ಎಂದಳು ಭಾನುಪ್ರಿಯಾ.

"ತಗೋತೀನಿ! ಹೊಸ ವರ್ಷನ್ ತಗೋತೀನಿ! ಅದರಲ್ಲಿ ಹಳೇದು ಒಂದೂ ಕೂರಲ್ಲ. ರನ್‌ವೇನೂ ಇರಲ್ಲ, ಬದೂನೂ ಇರಲ್ಲ, ನಿಮ್ಮ ಮನೆಯೋರ ಪಂಚಾಯ್ತೀನೂ ಇರಲ್ಲ!"

"ಬದುಕಿರೋ ತನಕ ಹೊಸಿಲು ದಾಟಿಸಲ್ಲ ಅಂದಿದ್ರಿ?"

"ಹಿಂಗೇ ನಡೆದ್ರೆ ನಾನು ಬದುಕಿರಲ್ಲ ಕಣೇ!"

ಬೆಂಗಳೂರಿಗೆ ಹೋಗಿ ಡಿ.ವಿ.ಡಿ. ತಂದದ್ದೇನೋ ಆಯಿತು. ಆದರೆ ಅದಕ್ಕೆ ಜಾಗ ಮಾಡಲು ಹಳೆಯದನ್ನೆಲ್ಲ ಅಳಿಸಬೇಕಿತ್ತು. ಹಿಮಾಲಯ ಹೋಯಿತು, ಮೋಡಗಳು ಹೋದವು. ಅವನಿಗೆ ಏನೂ ಅನ್ನಿಸಲಿಲ್ಲ. ದುರ್ಗದ ಸರದಿ ಬಂದಾಗ ಮಾತ್ರ ಕೈ ನಿಂತಿತು. ಬದು ತೆಗೆದು, ಕೊನೆಯ ಸಲ ಜೆಟ್ ಎಬ್ಬಿಸಿ, ಕೋಟೆಗೋಡೆಯ ಮೇಲಿಂದ ಒಂದು ಸುತ್ತು ಹಾಕಿಸಿದ. ಎಷ್ಟು ಚೆಂದ ಇತ್ತು! ಈ ಊರಿನವನೊಬ್ಬ ಈ ಊರಿನಿಂದ ವಿಮಾನ ಹಾರಿಸಿದ್ದು ಇದೊಂದೇ ಕಡೆ. ಮನಸ್ಸು ತಡೆಯದೆ ಇನ್ನೊಂದು ಸುತ್ತು ಹಾಕಿಸಿದ. ಹಲ್ಲು ಕಚ್ಚಿ ಅಳಿಸಿಬಿಟ್ಟ.

ಮುಂದಿನ ಭಾನುವಾರ ಇಬ್ಬರನ್ನೂ ಅವನೇ ಕರೆಸಿದ. ಇಬ್ಬರೂ ಸೋಫಾದ ತಂತಮ್ಮ ತುದಿ ಹಿಡಿದರು.

"ನೋಡಿ ಮಾವ, ನೋಡಿ ಚಿಕ್ಕಮಾವ. ನನ್ನ ಎಷ್ಟೋ ತಿಂಗಳ ದುಡಿಮೆ ಮಣ್ಣುಪಾಲು ಮಾಡ್ಕೊಂಡಿದೀನಿ. ರನ್‌ವೇ ಇಲ್ಲ, ಬದು ಇಲ್ಲ. ಕಂಪನಿಯೋರು ಕೊಟ್ಟಿದ್ದು ಮಾತ್ರ ಇದೆ. ಇನ್ಮೇಲೆ ನಿಮ್ಮ ಜಗಳಕ್ಕೂ ನನಗೂ ಸಂಬಂಧ ಇಲ್ಲ!"

ವಿಮಾನ ಬೆಂಗಳೂರಿನಿಂದ ಎದ್ದಿತು. ನಂದಿಬೆಟ್ಟವನ್ನು ಎಡಕ್ಕೆ ಬಿಟ್ಟು ಚಿಂತಾಮಣಿಯ ಕಡೆ ತಿರುಗಿತು. ಹೊಸ ವರ್ಷನ್ನಿನಲ್ಲಿ ಅಂಬಾಜಿದುರ್ಗಕ್ಕೂ ಒಂದು ಪುಟ್ಟ ಗುಡ್ಡದ ಯೋಗ ಬಂದಿತ್ತು. ಅದನ್ನು ದಾಟಿದ್ದೇ ತಡ, ಕೆಳಗೆ ಮಾವನ ಹೊಲ ಇರಬೇಕಾದ ಕಡೆ, ಚಿಕ್ಕಮಾವನ ಹೊಲವನ್ನೂ ಸೇರಿಸಿಕೊಂಡು, ನೀಲಿ ನೀರು! ದೊಡ್ಡದೊಂದು ಕೆರೆ! ಸಣ್ಣ ಅಲೆಗಳು, ಅಲೆಗಳ ಮೇಲೆ ಫಳಫಳ ಬಿಸಿಲು, ಸಾಲದ್ದಕ್ಕೆ ಒಂದು ಹಿಂಡು ಹಕ್ಕಿ.

ರಮೇಶ್‌ಬಾಬು ಗಡಿಬಿಡಿಯಲ್ಲಿ ವಿಮಾನವನ್ನು ಪಕ್ಕಕ್ಕೆ ತಿರುಗಿಸಿದ. ಒಂದು ಬದುವಿಗೇ ಇಷ್ಟು ರಂಪ ಮಾಡಿದವರು ಇಡೀ ಹೊಲ ಮುಳುಗಿಸಿದ್ದಕ್ಕೆ ಬಿಡುತ್ತಾರೆಯೇ? "ಎಲ್ಲೋ ಕೂತು ಮಾಡೋರಿಗೆ ಏನು ಗೊತ್ತು ಮಾವ, ಬಾಯಿಗೆ ಬಂದಂಗೆ ನೀರು ತುಂಬಿಸಿದಾರೆ..." ಎಂದು ತೊದಲಿದ.

ಯಾರೂ ಬಯ್ಯಲಿಲ್ಲ. ಮುನಿವೆಂಕಟಪ್ಪ ಟವೆಲಿನಿಂದ ಹಣೆ ಒರೆಸಿಕೊಂಡರು. ಕೋನಪ್ಪ ಎದ್ದು ಹೋಗಿ ಬೀದಿಬಾಗಿಲ ಚಿಲಕ ಹಾಕಿದರು, ಕಿಟಕಿಯ ಪರದೆ ಎಳೆದರು.

"ಅಣ್ಣಾ" ಎಂದರು. ಮಾತು ಬಿಟ್ಟ ಮೇಲೆ ಆ ಬಾಯಿಂದ ಹೊರಟ ಮೊದಲ 'ಅಣ್ಣಾ'! "ಈ ಕಂಪನಿಯೋರಿಗೆ ಹೆಂಗೆ ಗೊತ್ತಾಯ್ತು?"

"ನಾನಂತೂ ಬಾಯಿ ಬಿಟ್ಟಿಲ್ಲಪ್ಪ. ನೀನೇನಾದ್ರೂ?"

"ಅಮ್ಮನಾಣೆ, ನಾನೂ ಇಲ್ಲ."

"ಏನು ಗೊತ್ತಾಯ್ತು?" ಎಂದ ರಮೇಶ್‌ಬಾಬು.

"ಮೆತ್ತಗೆ ಮಾತಾಡಪ್ಪ!" ಮಾವನವರು ಅವನ ಕಿವಿಗೇ ಬಾಯಿಟ್ಟರು. "ತಾತನ ಕಾಲ್ದಾಗೆ ಅಲ್ಲಿ ಊರ ಕೆರೆ ಇತ್ತು. ನೀರು ನಿಲ್ದೇ ಇದ್ದ ವರ್ಷ ತಾತ ಅಂಚಿನಾಗೆ ಒಂದು ಸಾಲು ರಾಗಿ ಹಾಕ್ದ. ಬರೋ ವರ್ಷ ಇನ್ನೊಂದು ಸಾಲು. ಹಂಗೇ ಹಾಕ್ತಾ ಹಾಕ್ತಾ... ಕೆರೇನೇ ಹೊಲ ಆಗೋಯ್ತು ಕಣಪ್ಪ."

"ಈಗ ಬೇರೆ ಚಿಕ್ಕಬಳ್ಳಾಪುರ ಹೊಸ ಜಿಲ್ಲೆ ಆಗೈತೆ, ಹಳೇ ಕೆರೆ ಎಲ್ಲಾ ಹುಡುಕಿ ಸರ್ಕಾರದೋರು ವಾಪಸ್ ತಗೋತಾರೆ ಅಂತ ಜನ ಮಾತಾಡ್ತಾ ಅವ್ರೆ" ಎಂದರು ಕೋನಪ್ಪ. "ಪಹಣಿ ಕಂಪ್ಯೂಟ್ರೂ ಇದೂ ಒಂದಕ್ಕೊಂದು ಮಾತಾಡ್ಕೊಂಡ್ರೆ ನಮ್ಮ ಗತಿ?"

ರಮೇಶ್‌ಬಾಬುವಿಗೆ ಪಿತ್ತ ನೆತ್ತಿಗೇರಿತು. "ಹಂಗಾದ್ರೆ ಇಷ್ಟು ವರ್ಷ ನೀವಿಬ್ಬರೂ ಕಿತ್ತಾಡಿದ್ದು ಕೆರೆ ಒಳಗಿನ ಬದುವಿಗಾ? ಅದಕ್ಕಾ ನನ್ನ ಜೆಟ್ಟು ದಿನಾ ಮೂತಿ ಒಡ್ಕೊಂಡಿದ್ದು?"

"ಯಾವ ಬದು?" ಎಂದರು ಕೋನಪ್ಪ.

"ಅಣ್ಣತಮ್ಮಂದ್ರ ಮಧ್ಯೆ ಬದು ಎಂಥದಪ್ಪ!" ಎಂದರು ಮುನಿವೆಂಕಟಪ್ಪ. "ಇದನ್ನ ತೆಗೆದು ಹಳೇದು ಹಾಕು. ಆ ಕೊನೆಯಿಂದ ಈ ಕೊನೆ ತನಕ ಸಿಮೆಂಟು ಬಳಿ. ಒಂದು ತೊಟ್ಟು ನೀರು ಕಾಣಿಸ್ಬಾರ್ದು!"

"ಎಲ್ಲಾ ಅಳಿಸಿಬಿಟ್ಟಿದೀನಿ ಮಾವ! ಬೆಟ್ಟದಿಂದ ಶುರುಮಾಡಿ ಮತ್ತೆ ಕಟ್ಟಬೇಕು!"

"ಕಟ್ಟು. ನಾವು ಭಾನುವಾರ ಭಾನುವಾರ ಬಂದು ನೋಡ್ಕೋತೀವಿ."

ಎದ್ದುಬಿಡಲಿಲ್ಲ ಇಬ್ಬರೂ. ಕಣ್ಣೆದುರಿಗೇ ಹೊಸ ವರ್ಷನ್ ತೆಗೆಸಿದರು. ಒಂದೇ ಒಂದು ಸಂಜೆಯೂ ಪೂರ್ತಿ ಹಾರಿಸದ ಡಿ.ವಿ.ಡಿ.ಯನ್ನು ಕೋನಪ್ಪ ಟವೆಲಿನಲ್ಲಿ ಸುತ್ತಿ ಕಂಕುಳಿಗೆ ಸೇರಿಸಿದರು. ಭಾನುಪ್ರಿಯಾ ತಂದಿಟ್ಟ ಖಾರದ ಬೂಂದಿಯನ್ನು ಅಣ್ಣತಮ್ಮಂದಿರು ಒಂದೇ ತಟ್ಟೆಯಿಂದ ತಿಂದರು. ರಮೇಶ್‌ಬಾಬು ಕಪ್ಪಗಾದ ಮಾನಿಟರನ್ನೇ ದಿಟ್ಟಿಸುತ್ತ ಕೂತಿದ್ದ.

ಹೊರಡುವಾಗ ಕೋನಪ್ಪ ಚಪ್ಪಲಿ ಮೆಟ್ಟಿದವರು ಮತ್ತೆ ತಿರುಗಿ ಬಾಗಿಲಿಗೆ ಬಂದರು. ಮುಖದಲ್ಲಿ ಹಿರಿಯರ ಗಾಂಭೀರ್ಯವಿತ್ತು.

"ಆದ್ರೂ ಒಂದು ಮಾತು ಹೇಳ್ತೀನಿ ಅಳೀಮಯ್ಯ, ಬೇಜಾರು ಮಾಡ್ಕೋಬೇಡ. ಇನ್ನೊಬ್ಬರ ಜಾಗದಾಗೆ ಹೇಳ್ದೆ ಕೇಳ್ದೆ ನೀನು ರನ್‌ವೇ ಹಾಕ್ಕೊಂಡ್ಯಲ್ಲ, ಅದಕ್ಕೆ ಒತ್ತುವರಿ ಅಂತಾರೆ. ಓದಿದೋನು ನೀನು. ಇಂಥ ಕೆಲಸ ಮಾಡಬಾರ್ದಪ್ಪ."

"ಹೌದೌದು" ಎಂದು ಮುನಿವೆಂಕಟಪ್ಪ ತಲೆಯಾಡಿಸಿದರು.

ರಮೇಶ್‌ಬಾಬು ಬಾಯಿ ತೆರೆದ. ಹಿಂದಿನಿಂದ ಭಾನುಪ್ರಿಯಾ ಅವನ ತೋಳು ಚಿವುಟಿದಳು. "ದೊಡ್ಡೋರು ಬುದ್ಧಿ ಹೇಳ್ತಾ ಇದಾರೆ. ತಪ್ಪಾಯ್ತು ಅನ್ರಿ."

"ತಪ್ಪಾಯ್ತು ಚಿಕ್ಕಮಾವ" ಎಂದರು ಕ್ಯಾಪ್ಟನ್ ರಮೇಶ್‌ಬಾಬು.