ಉಳಿ ಮಸೆಯಲು ಹೊರಟ ಗಣಿತದ ಮೇಡಂ

ನಾನು ತಂಟೆಗೆ ಹೋಗೋಳಲ್ಲ. ತಂಟೆಗಳೇ ಆಟೋ ಹಿಡಿದು ಬಸವೇಶ್ವರನಗರದ ನಮ್ಮ ಮನೆ ಹುಡುಕಿಕೊಂಡು ಬರ್ತವೆ. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟೆ, ಆಗಲೂ ಹೀಗೇ. ಈಗ ರಿಟೈರಾಗಿ ತೆಪ್ಪಗೆ ಮನೆಯಲ್ಲಿದ್ದೀನಿ, ಈಗಲೂ ಹೀಗೇ. ಕಳೆದ ವರ್ಷದ್ದನ್ನೇ ಹೇಳ್ತೀನಿ ಕೇಳಿ. ನನಗೆ ಬೇಕಾಗಿದ್ದು ಅಗ್ಗದ ಬೆಲೆಗೆ ನಾಲ್ಕು ಹಾಳೆ ಸ್ಯಾಂಡ್ ಪೇಪರ್, ಅಷ್ಟೇ.

ಅದು ಯಾಕೆ ಬೇಕಾಯ್ತು ಅಂದ್ರೆ, ನಮ್ಮನೇಲಿ ದಸರಾಕ್ಕೆ ಗೊಂಬೆ ಕೂರಿಸ್ತೀವಿ. ಮೆಟ್ಟಿಲು ಅಂತ ಬೇರೆ ಇರಲಿಲ್ಲ. ಹಳೇ ಟ್ರಂಕು, ಅದರ ಮೇಲೆ ಸೂಟ್‌ಕೇಸು, ಅದರ ಮೇಲೆ ಮಿಕ್ಸಿ ಬಂದಿದ್ದ ಡಬ್ಬ, ಎಲ್ಲಕ್ಕೂ ಒಂದು ಬಿಳಿ ಪಂಚೆ ಹೊದಿಸಿಬಿಟ್ಟರೆ ಆಯ್ತು. ಅದರ ಹಿಂದಿನ ವರ್ಷ ವಿಜಯನಗರದಿಂದ ನಮ್ಮ ಅತ್ತಿಗೆ, ಅಂದ್ರೆ ನಮ್ಮೆಜಮಾನ್ರ ಅಕ್ಕ, ಅರಿಶಿನ ಕುಂಕುಮಕ್ಕೆ ಬಂದರು. ಹತ್ತು ಜನ ಹೆಂಗಸರ ಮುಂದೆ ಪಂಚೆ ಎತ್ತಿ ನೋಡಿ, "ಏನೇ ಇದು, ರಾಜ ರಾಣಿ ಊರು ಬಿಟ್ಟು ಹೊರಟಿದ್ದಾರಾ? ಲಗೇಜ್ ಸಮೇತ ಕೂತಿದ್ದಾರೆ!" ಅಂದರು. ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿದು ಹೋಯ್ತು. "ಬರೋ ವರ್ಷ ನನ್ನ ಕೈಯಾರೆ ಮರದ ಮೆಟ್ಟಿಲು ಮಾಡಿ ಕೂರಿಸ್ತೀನಿ, ಬಂದು ನೋಡಿ ಅತ್ತಿಗೆ" ಅಂದುಬಿಟ್ಟೆ.

ಬಾಯಿಂದ ಬಂದ ಮಾತು, ವಾಪಸ್ ಹೋಗುತ್ತಾ? ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಮರಗೆಲಸ ಕಲಿತೆ. ಹೇರೋಹಳ್ಳಿ ಕಡೆ ಪ್ಯಾಕಿಂಗ್ ಪೆಟ್ಟಿಗೆ ಒಡೆದು ಮಾರೋನ ಹತ್ರ ಹಲಗೆ ತಂದೆ. ಗುಜರಿಯಲ್ಲಿ ಮೂರು ಹಳೇ ಉಳಿ, ಹಲಗೆ ನುಣುಪು ಮಾಡೋ ಒಂದು ಕೀಸುಳಿ ಸಿಕ್ಕವು. ಉಳಿ ಎಷ್ಟು ಮೊಂಡಾಗಿತ್ತು ಅಂದ್ರೆ ಅದರಲ್ಲಿ ಬೆಣ್ಣೆ ಕತ್ತರಿಸೋಕೂ ಸುತ್ತಿಗೆ ಬೇಕಿತ್ತು. ಮಸೆಯೋ ಕಲ್ಲಿನ ರೇಟು ನೋಡಿ ನಮ್ಮೆಜಮಾನ್ರು, "ಈ ದುಡ್ಡಿಗೆ ಗೊಂಬೆಗೆ ಸೋಫಾ ಸೆಟ್ಟೇ ಬರುತ್ತೆ ಕಣೇ" ಅಂದರು. ಕೊನೆಗೆ ಹೆಗ್ಗನಹಳ್ಳಿಯಲ್ಲಿ ಮರಗೆಲಸ ಮಾಡೋ ಒಬ್ಬ ಆಚಾರ್ರು ದಾರಿ ತೋರಿಸಿದರು. "ಕಲ್ಲು ಯಾಕಮ್ಮ? ದಪ್ಪ ಗಾಜಿನ ಮೇಲೆ ನೀರು ಚಿಮುಕಿಸಿ ಸ್ಯಾಂಡ್ ಪೇಪರ್ ಅಂಟಿಸಿ. ಮೊದಲು ತರಿ, ಆಮೇಲೆ ನಯ, ಆಮೇಲೆ ಇನ್ನೂ ನಯ. ಉಜ್ಜುತಾ ಹೋಗಿ." ನಮ್ಮನೆ ಟೀಪಾಯಿಯ ಗಾಜು ಅವತ್ತೇ ನನ್ನ ಪಾಲಾಯ್ತು.

ಹಾರ್ಡ್‌ವೇರ್ ಅಂಗಡಿ

ಮೊದಲು ಹೋಗಿದ್ದು ರಾಜಾಜಿನಗರದ ಒಂದು ಹಾರ್ಡ್‌ವೇರ್ ಅಂಗಡಿಗೆ. ಕೌಂಟರ್ ಹಿಂದೆ ನಲವತ್ತರ ಆಸುಪಾಸಿನ ಮನುಷ್ಯ. ಸ್ಯಾಂಡ್ ಪೇಪರ್ ಬೇಕಪ್ಪ ಅಂದೆ.

"ಗೋಡೆಗಾ, ಗೇಟಿಗಾ ಆಂಟಿ?"

"ಉಳಿಗೆ."

"ಉಳಿಗಾ?" ಅವನು ನನ್ನ ಹಿಂದೆ ಯಾರಾದ್ರೂ ಇದ್ದಾರಾ ಅಂತ ಇಣುಕಿದ. "ಆಂಟಿ, ಕಾರ್ಪೆಂಟರ್‌ನೇ ಕಳಿಸಿಬಿಡಿ. ಅವರಿಗೆ ಯಾವ ನಂಬರ್ ಬೇಕು ಅಂತ ಗೊತ್ತಿರುತ್ತೆ."

"ಕಾರ್ಪೆಂಟರ್ ಬಂದಾಗಿದೆ. ನಿನ್ನ ಮುಂದೆ ನಿಂತಿದ್ದಾಳೆ."

ಅವನು ನನ್ನ ಸೀರೆ, ಕೈಚೀಲ, ಅದರೊಳಗಿದ್ದ ದಂಟಿನ ಸೊಪ್ಪು ಎಲ್ಲಾ ನೋಡಿದ. ಒಂದು ಹೊಸ ಯೋಚನೆ ಹೊಳೀತು ಅನ್ಸುತ್ತೆ, ಮುಖ ಅರಳಿತು. "ಓ, ಅಂಕಲ್ ರಿಟೈರ್ ಆದ್ಮೇಲೆ ಟೈಂಪಾಸಿಗೆ ಶುರು ಮಾಡಿದ್ದಾರಾ?"

"ಅಂಕಲ್ ಅಲ್ಲಪ್ಪ. ನಾನು ರಿಟೈರ್ ಆದ್ಮೇಲೆ ನಾನು ಶುರು ಮಾಡಿದ್ದು. ಅಂಕಲ್ ಹಲಗೆ ಹಿಡ್ಕೋತಾರೆ, ನಾನು ಉಳಿ ಇಟ್ಟು ಹೊಡೀತೀನಿ."

ಅವನು ಗೋಡೆ ಉಜ್ಜೋ ಹಾಳೆ ಎರಡು ಸುತ್ತಿಕೊಟ್ಟು, ಚಿಲ್ಲರೆ ನನ್ನ ಕೈಗಿಡುತ್ತಾ ಮೆಲ್ಲಗೆ, "ಪಾಪ ಅಂಕಲ್" ಅಂದ.

ಹಳೇ ವಿದ್ಯಾರ್ಥಿ

ಗೋಡೆ ಹಾಳೆಯಿಂದ ಉಪಯೋಗ ಆಗಲಿಲ್ಲ. ನೀರು ಬಿದ್ದ ತಕ್ಷಣ ಕಾಗದ ಬೇರೆ, ಮರಳು ಬೇರೆ. ಆಚಾರ್ರಿಗೆ ಫೋನ್ ಮಾಡಿದ್ರೆ, "ಅದಲ್ಲಮ್ಮ, ವಾಟರ್ ಪೇಪರ್ ಅಂತ ಕೇಳಿ. ಕಾರಿಗೆ ಪೇಂಟ್ ಹೊಡೆಯೋರು ಇಟ್ಕೊಂಡಿರ್ತಾರೆ, ಅಗ್ಗ" ಅಂದರು.

ಮಾಗಡಿ ರೋಡಿನಲ್ಲಿ ಕಾರ್ ಪೇಂಟ್ ಮಾರೋ ಒಂದು ಅಂಗಡಿ. ಒಳಗೆ ಕಾಲಿಟ್ಟೆ. ದಪ್ಪ ಮೀಸೆಯ ಓನರು ಫೋನಿನಲ್ಲಿ ಯಾರನ್ನೋ ಬಾಯಿಗೆ ಬಂದಂತೆ ಬೈತಾ ಇದ್ದವನು ನನ್ನ ನೋಡಿದ್ದೇ ಫೋನ್ ಇಟ್ಟು ಎದ್ದು ನಿಂತ. ಕೈ ತಾನಾಗಿ ಕಟ್ಟಿಕೊಂಡಿತು.

"ಗುಡ್ ಮಾರ್ನಿಂಗ್ ಮೇಡಂ."

ಸಾಯಂಕಾಲ ಐದು ಗಂಟೆ. ನಾನು ಗುರುತು ಹಿಡಿದೆ. ಹತ್ತನೇ ಕ್ಲಾಸು, ಕೊನೇ ಬೆಂಚು, ಲೆಕ್ಕದ ಪೀರಿಯಡ್ ಬಂತು ಅಂದ್ರೆ ಹೊಟ್ಟೆನೋವು. "ಹೊಟ್ಟೆನೋವು ಹೇಗಿದೆಯೋ?" ಅಂದೆ. ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ಅವನ ಹೊಟ್ಟೆ ನೋಡಿದರು.

ಪಾಪ, ಒಳ್ಳೇ ಹುಡುಗ. ಕಪ್ಪು ಬಣ್ಣದ ವಾಟರ್ ಪೇಪರ್ ಹರಡಿದ. ನಾನೂರು, ಎಂಟುನೂರು, ಸಾವಿರ, ಎರಡು ಸಾವಿರ. ಹಾಳೆಗೆ ಒಂದು ಮಸಾಲೆದೋಸೆಗಿಂತ ಕಡಿಮೆ ರೇಟು. ನನಗೆ ಖುಷಿಯಾಯ್ತು. ಆದರೆ ಬಾಯಿ ಸುಮ್ಮನಿರಬೇಕಲ್ಲ.

"ನಂಬರ್ ಜಾಸ್ತಿ ಆದಷ್ಟೂ ಕಾಗದ ನಯ ಆಗುತ್ತೆ. ಯಾಕೆ?"

ಅವನ ಮುಖ ಬಿಳಿಚಿಕೊಂಡಿತು. "ಹದಿನೈದು ವರ್ಷದಿಂದ ಮಾರ್ತಾ ಇದೀನಿ ಮೇಡಂ, ಕಂಪನಿಯೋರು ಹಾಗೇ ಕಳಿಸ್ತಾರೆ."

"ಇದು ಉತ್ತರಾನಾ?" ಅಂತ ಅವನ ಬಿಲ್ ಪುಸ್ತಕದ ಹಿಂದೆಯೇ ಚಿತ್ರ ಬರೆದೆ. ಜರಡಿ, ಒಂದು ಅಂಗುಲದಲ್ಲಿ ಎಷ್ಟು ಕಣ್ಣು, ಕಣ್ಣು ಜಾಸ್ತಿ ಆದಷ್ಟೂ ಒಂದೊಂದು ಕಣ್ಣು ಚಿಕ್ಕದು, ಚಿಕ್ಕ ಕಣ್ಣಿನಲ್ಲಿ ಇಳಿಯೋ ಪುಡಿ ನಯ. ಗಿರಾಕಿಗಳೂ ಬಗ್ಗಿ ನೋಡಿದರು. ಒಬ್ಬ ಆಟೋ ಡ್ರೈವರ್, "ಸೂಪರ್ ಮೇಡಂ, ಅರ್ಥ ಆಯ್ತು" ಅಂದ.

ನನ್ನ ವಿದ್ಯಾರ್ಥಿ ಬಹಳ ಹೊತ್ತು ಚಿತ್ರ ನೋಡಿ, ನಿಟ್ಟುಸಿರು ಬಿಟ್ಟು ಹೇಳಿದ: "ಮೇಡಂ, ಅವತ್ತೂ ಹೀಗೇ ಹೇಳಿಕೊಟ್ಟಿದ್ರೆ ನಾನು ಪೇಂಟ್ ಅಂಗಡಿ ಇಡ್ತಾ ಇರಲಿಲ್ಲ."

ತಂತಿ ಮೇಲಿನ ಹಾಳೆ

ವಾಟರ್ ಪೇಪರ್ ಕೈಗೆ ಬಂದ ಮೇಲೆ ದಿನಾ ಬೆಳಿಗ್ಗೆ ಕಾಫಿ ಮುಗಿಸಿ ಉಳಿ ಮಸೆಯೋದೇ ಕೆಲಸ. ಒಂದೇ ಸಲಕ್ಕೆ ಎಸೆಯೋ ಜಾಯಮಾನ ನಂದಲ್ಲ. ಹಾಳೆ ತೊಳೆದು, ಮಹಡಿ ಮೇಲೆ ಬಟ್ಟೆ ತಂತಿಗೆ ಕ್ಲಿಪ್ ಹಾಕಿ ಒಣಗಿಸ್ತಾ ಇದ್ದೆ.

ಒಂದು ದಿನ ಎಣಿಸಿದರೆ ಒಂದು ಹಾಳೆ ಕಡಿಮೆ. ಗಾಳಿಗೆ ಹಾರಿರಬೇಕು ಅಂದುಕೊಂಡೆ. ಮಾರನೇ ದಿನ ಮಹಡಿ ಮನೆ ಬಾಡಿಗೆಯ ಹುಡುಗಿ ಅಳುಕುತ್ತಾ ಬಂದಳು. "ಆಂಟಿ, ಬೈಬಾರ್ದು. ನಿಮ್ಮ ಕಪ್ಪು ಹಾಳೆ ನಾನೇ ತಗೊಂಡಿದ್ದು. ಸೀರೆ ಪಕ್ಕ ಒಣಗಿಸಿದ್ರಲ್ಲ, ಹಿಮ್ಮಡಿ ಉಜ್ಜೋದು ಅಂದ್ಕೊಂಡೆ." ಅಂತ ಕಾಲು ಎತ್ತಿ ತೋರಿಸಿದಳು. "ನೋಡಿ, ಒಂದು ಬಿರುಕೂ ಇಲ್ಲ!"

ನಾನು ಬೈಯಬೇಕಿತ್ತು. ಆದರೆ ಬಾಯಿಂದ ಬಂದ ಮೊದಲ ಮಾತು, "ಯಾವ ನಂಬರು?"

"ಸಾವಿರ ಅಂತ ಇತ್ತು ಆಂಟಿ."

"ನೇರ ಸಾವಿರಕ್ಕೆ ಹೋಗಬಾರ್ದು ಕಣೇ. ಮೊದಲು ನಾನೂರು, ಆಮೇಲೆ ಎಂಟುನೂರು."

ಇದೇ ನಾನು ಮಾಡಿದ ತಪ್ಪು. ಅವಳು ಅದನ್ನ ಬೀದಿಗೆಲ್ಲ ಹೇಳಿದಳು. ನವರಾತ್ರಿಗೆ ಇನ್ನು ಮೂರೇ ವಾರ. ದೊಡ್ಡ ಉಳಿ ಮಸೆಯೋದು ಬಾಕಿ, ಅದಿಲ್ಲದೆ ಮೆಟ್ಟಿಲಿನ ಜೋಡಣೆ ಆಗಲ್ಲ. ಹಾಳೆ ಬೇಕು ಅಂತ ಪೇಂಟ್ ಅಂಗಡಿಗೆ ಫೋನ್ ಮಾಡಿದೆ.

"ಪೂರ್ತಿ ಖಾಲಿ ಮೇಡಂ" ಅಂದ ನನ್ನ ವಿದ್ಯಾರ್ಥಿ. "ಎಲ್ಲಾ ನಿಮ್ಮ ಬೀದಿಯೋರೇ ತಗೊಂಡ್ಹೋದ್ರು. ಅಲ್ಲ ಮೇಡಂ, ಅಲ್ಲಿ ಹೆಂಗಸರೆಲ್ಲ ಸೇರ್ಕೊಂಡು ಕಾರಿಗೆ ಪೇಂಟ್ ಹೊಡೀತಾ ಇದೀರಾ?"

ಬ್ಯಾಗಿನಲ್ಲಿ ಉಳಿ

ನಾಯಂಡಹಳ್ಳಿಯ ಗೋಡೌನಿನಲ್ಲಿ ಸಗಟು ರೇಟಿಗೆ ಸಿಗುತ್ತೆ ಅಂತ ಅವನೇ ಹೇಳಿದ. ಮಾವಿನಹಣ್ಣನ್ನೂ ಮೂಸಿ ನೋಡಿಯೇ ತಗೊಳ್ಳೋಳು ನಾನು. ಅಗ್ಗದ ಹಾಳೆ ಅಂದ ಮೇಲೆ ಅಲ್ಲೇ ಉಜ್ಜಿ ನೋಡಿ ತರೋಣ ಅಂತ ಆ ದೊಡ್ಡ ಉಳಿಯನ್ನ ಟವೆಲಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡು ವಿಜಯನಗರದಲ್ಲಿ ಮೆಟ್ರೋಗೆ ಹೋದೆ.

ಬ್ಯಾಗು ಮೆಷಿನ್ನಿನೊಳಗೆ ಹೋಯ್ತು. ಅದು ಈಚೆಗೆ ಬರೋಕೆ ಮುಂಚೆ ಸೆಕ್ಯುರಿಟಿ ಹುಡುಗಿ ಬಂದಳು. "ಏನಮ್ಮ ಇದು ಒಳಗೆ?"

"ಉಳಿ."

"ಹರಿತವಾದ ವಸ್ತು ತಗೊಂಡ್ಹೋಗೋ ಹಾಗಿಲ್ಲಮ್ಮ."

"ಅಯ್ಯೋ, ಇದು ಹರಿತ ಇಲ್ಲ ತಾಯಿ. ಹರಿತ ಇದ್ದಿದ್ರೆ ಇದನ್ನ ಉಜ್ಜಿ ನೋಡಿ ಸ್ಯಾಂಡ್ ಪೇಪರ್ ತರೋಕೆ ನಾನ್ಯಾಕೆ ಈ ಬಿಸಿಲಲ್ಲಿ ನಾಯಂಡಹಳ್ಳಿಗೆ ಹೋಗ್ತಿದ್ದೆ?" ಅಂತ ಅಂಗೈ ಮೇಲೆ ಗೀರಿ ತೋರಿಸಿದೆ. ಒಂದು ಗೆರೆಯೂ ಮೂಡಲಿಲ್ಲ. ಅವಳೂ ಹೆಬ್ಬೆರಳಿಟ್ಟು ನೋಡಿದಳು. "ಹೌದಲ್ಲ, ಇದಕ್ಕಿಂತ ನಮ್ಮನೆ ಸೌಟೇ ವಾಸಿ" ಅಂದಳು. ಇನ್ನೇನು ಬಿಟ್ಟೇಬಿಟ್ಟಳು ಅಂತ ನಾನು ಬ್ಯಾಗ್ ಎತ್ತಿಕೊಂಡೆ.

ಅಷ್ಟರಲ್ಲಿ ಅವಳಿಗೆ ಅನುಮಾನ ಬಂತು. "ಹರಿತ ಮಾಡೋ ಪೇಪರ್ ತರೋಕೆ ತಾನೇ ಹೋಗ್ತಿರೋದು? ಅಲ್ಲೇ ಉಜ್ಜಿ ನೋಡ್ತೀರಾ. ವಾಪಸ್ ಬರೋವಾಗ ಏನ್ ಮಾಡ್ತೀರಮ್ಮ?"

ಮೂವತ್ತನಾಲ್ಕು ವರ್ಷ ಗಣಿತ ಪಾಠ ಮಾಡಿದೋಳು ನಾನು. ಅವಳ ತರ್ಕಕ್ಕೆ ಮನಸ್ಸಿನಲ್ಲೇ ಪೂರ್ತಿ ಮಾರ್ಕ್ಸ್ ಕೊಟ್ಟೆ. ಬಸ್ಸಿನಲ್ಲಿ ಹೋದೆ.

ಆಯುಧಪೂಜೆ

ಆ ಹಾಳೆಗಳು ಬಂದವು, ಉಳಿ ಹರಿತವಾಯ್ತು. ಆಹಾ, ಅದರ ಸುಖ ಏನು ಹೇಳಲಿ! ಮರ ತೆಂಗಿನಕಾಯಿ ತುರಿ ಹಾಗೆ ಸಲೀಸಾಗಿ ಏಳ್ತಾ ಇತ್ತು. ಮಹಾಲಯ ಅಮಾವಾಸ್ಯೆ ದಿನ ಐದು ಮೆಟ್ಟಿಲು ನಿಂತವು, ಪಾಡ್ಯದ ದಿನ ಪಟ್ಟದ ಗೊಂಬೆ ಮೇಲೆ ಕೂತವು. ಈ ಸಲ ಪಂಚೆ ಹೊದಿಸಲಿಲ್ಲ. ಮರ ಕಾಣಲಿ ಅಂತ ಹಾಗೇ ಬಿಟ್ಟೆ. ದಿನಾ ಬಾಗಿಲ ಕಡೆ ನೋಡ್ತಾ ಇದ್ದೆ, ಅತ್ತಿಗೆ ಯಾವಾಗ ಬರ್ತಾರೆ ಅಂತ.

ಅವರು ಬಂದಿದ್ದು ಸರಿಯಾಗಿ ಆಯುಧಪೂಜೆ ದಿನ ಸಾಯಂಕಾಲ. ಮನೆ ತುಂಬ ಹೆಂಗಸರು. ಅತ್ತಿಗೆ ಕನ್ನಡಕ ಹಾಕಿಕೊಂಡು ಮೆಟ್ಟಿಲು ಮುಟ್ಟಿದರು, ತಟ್ಟಿದರು, ಸಂದಿಗೆ ಉಗುರು ಹಾಕಿ ನೋಡಿದರು. ಉಗುರು ಇಳಿಯಲಿಲ್ಲ.

"ಚೆನ್ನಾಗಿದೆ" ಅಂದರು. "ಯಾವ ಆಚಾರಿ ಮಾಡಿದ್ದು?"

"ನಾನೇ ಮಾಡಿದ್ದು ಅತ್ತಿಗೆ."

"ಬಿಡೇ, ನನ್ನ ಹತ್ರ ಹೇಳು ಪರವಾಗಿಲ್ಲ."

ನಾನು ಅಂಗೈ ಬೊಬ್ಬೆ ತೋರಿಸಿದೆ. "ಪಾತ್ರೆ ತಿಕ್ಕಿದ್ರೂ ಬರುತ್ತೆ" ಅಂದರು. ಮೊಬೈಲಿನಲ್ಲಿ ಉಳಿ ಹಿಡಿದಿದ್ದ ಫೋಟೋ ತೋರಿಸಿದೆ. "ಮಂತ್ರಿಗಳೂ ಪೊರಕೆ ಹಿಡ್ಕೊಂಡು ಫೋಟೋ ತೆಗೆಸ್ಕೋತಾರೆ ಕಣೇ. ರಸ್ತೆ ಗುಡಿಸಿದ್ದು ಅವರೇನಾ?" ಎಲ್ಲರೂ ಕಿಸಕ್ಕನೆ ನಕ್ಕರು.

"ಇರಿ, ನಿಮ್ಮ ಮುಂದೇನೇ ಒಂದು ಹಲಗೆ ಕೆತ್ತಿ ತೋರಿಸ್ತೀನಿ" ಅಂತ ಎದ್ದೆ. ಉಳಿ, ಕೀಸುಳಿ, ಗರಗಸ, ಕೊನೆಗೆ ಸ್ಯಾಂಡ್ ಪೇಪರ್ ಕೂಡ ದೇವರ ಮುಂದೆ ಅರಿಶಿನ, ಕುಂಕುಮ, ಹೂವು ಹಾಕಿಸಿಕೊಂಡು ಮಲಗಿದ್ದವು. ಬೆಳಿಗ್ಗೆ ಪೂಜೆ ಮಾಡಿದ್ದವರು ನಮ್ಮೆಜಮಾನ್ರೇ. ನಾಳೆ ವಿಜಯದಶಮಿ ಪೂಜೆ ಆಗೋ ತನಕ ಆಯುಧ ಮುಟ್ಟೋ ಹಾಗಿಲ್ಲ.

"ಶಾಸ್ತ್ರ ಮೀರಬೇಡಮ್ಮ" ಅಂದರು ಅತ್ತಿಗೆ, ಭಾರೀ ಭಕ್ತಿಯಿಂದ.

ಸುಳ್ಳು ಯಾಕೆ ಹೇಳಲಿ, ಅಳುವೇ ಬಂತು. ಒಂದು ವರ್ಷ ಅಲೆದಾಡಿ, ಉಜ್ಜಿ, ಮಸೆದು, ಕೆತ್ತಿ ಮಾಡಿದ್ದು ಕಣ್ಣ ಮುಂದಿದೆ, ನಂದು ಅಂತ ಒಬ್ಬರೂ ನಂಬ್ತಾ ಇಲ್ಲ.

ಅಡುಗೆಮನೆಯಿಂದ ಕಡಲೆ ಉಸಲಿ ತಟ್ಟೆ ತರ್ತಾ ಇದ್ದ ನಮ್ಮೆಜಮಾನ್ರು ನನ್ನ ಮುಖ ನೋಡಿದರು. ತಟ್ಟೆ ಕೆಳಗಿಟ್ಟರು. ಎರಡೂ ತೋಳಿನ ಶರಟು ಮೊಣಕೈ ತನಕ ಮಡಿಚಿ, ಅಕ್ಕನ ಮುಂದೆ ಕೈ ಚಾಚಿದರು.

ಎರಡೂ ಕೈಯಲ್ಲಿ ಒಂದೂ ಕೂದಲಿಲ್ಲ. ಸುಲಿದ ಬಾಳೆಹಣ್ಣಿನ ಹಾಗೆ ನುಣ್ಣಗಿದ್ದವು.

"ಏನೋ ಇದು!" ಅಂತ ಅತ್ತಿಗೆ ಹೌಹಾರಿದರು.

"ಉಳಿ ಹರಿತ ಆಗಿದೆಯೋ ಇಲ್ವೋ ಅಂತ ಹೇಗಕ್ಕ ಗೊತ್ತಾಗೋದು? ಕೈ ಮೇಲಿನ ಕೂದಲು ಬೋಳಿಸಿ ನೋಡಬೇಕು. ವಿಡಿಯೋದಲ್ಲಿ ಹಾಗೇ ಹೇಳ್ತಾರೆ. ಇವಳ ಕೈಯಲ್ಲಿ ಕೂದಲಿಲ್ಲ, ನನ್ನ ಕೈ ಇದೆಯಲ್ಲ! ದಿನಾ ಬೆಳಿಗ್ಗೆ ಪೇಪರ್ ಓದೋಕೂ ಬಿಡದೆ ಕೈ ನೀಡಿ ಅಂತ ನಿಂತ್ಕೋತಿದ್ಳು. ಯಾವ ಆಚಾರಿಗಾದ್ರೂ ನಾನು ಹೀಗೆ ಕೈ ಕೊಡ್ತಿದ್ನಾ, ನೀನೇ ಹೇಳು."

ಅತ್ತಿಗೆ ತಮ್ಮನ ಕೈ ಸವರಿ ನೋಡಿದರು, ಮೆಟ್ಟಿಲು ಸವರಿ ನೋಡಿದರು, ಮತ್ತೆ ಕೈ ಸವರಿದರು. ಆಮೇಲೆ ನನ್ನ ಹತ್ತಿರ ಬಂದು, ಎಲ್ಲರಿಗೂ ಕೇಳುವ ಹಾಗೆ, "ನೀನೇ ಮಾಡಿದ್ದು ಕಣೇ, ಒಪ್ಕೊಂಡೆ" ಅಂದರು. ನನ್ನ ಕಣ್ಣಲ್ಲಿ ನೀರು ಬಂತು. ಅವರು ನನ್ನ ಕೈ ಹಿಡ್ಕೊಂಡು ಮೆಲ್ಲಗೆ ಕೇಳಿದರು:

"ಬರೋ ವರ್ಷಕ್ಕೆ ನಮ್ಮನೆಗೂ ಒಂದು ಮೆಟ್ಟಿಲು ಮಾಡಿಕೊಡೇ. ಇವನ ಕಾಲು ಇನ್ನೂ ಹಾಗೇ ಇದೆಯಲ್ಲ."

ನಮ್ಮೆಜಮಾನ್ರು ಮೇಲೆತ್ತಿ ಕಟ್ಟಿದ್ದ ಪಂಚೆಯನ್ನ ಸರಕ್ಕನೆ ಪಾದದ ತನಕ ಇಳಿಸಿಕೊಂಡರು.