ಎಲ್ಡರ್ ಫೋರ್ಕ್ ಕೋವಿ ಸಂಘದ ಕೇಪು ಪ್ರಕರಣ

ಮೊಂಟಾನಾ ಸೀಮೆಯ ಎಲ್ಡರ್ ಫೋರ್ಕ್ ಕೋವಿ ಸಂಘದಲ್ಲಿ ಯಾವ ಯಂತ್ರವೂ ತಾನಾಗಿ ಕೆಡುವುದಿಲ್ಲ. ಸಭೆ ಸೇರಿ ಒಪ್ಪುವವರೆಗೆ ಯಂತ್ರಕ್ಕೆ ಕೆಡುವ ಅಧಿಕಾರವಿಲ್ಲ ಎಂದು ಸಂಘದ ನಿಯಮಾವಳಿ ಸ್ಪಷ್ಟವಾಗಿ ಹೇಳುತ್ತದೆ. ಹೀಗಿದ್ದೂ, ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಯ ಕಾಲ ಇನ್ನೇನು ಶುರುವಾಗಬೇಕು ಅನ್ನುವಾಗ, ತೋಟೆ ತುಂಬುವ ಯಂತ್ರ ಯಾರ ಅನುಮತಿಯನ್ನೂ ಪಡೆಯದೆ ಕೆಟ್ಟಿತು.

ಪೂರ್ತಿ ಕೆಟ್ಟಿತು ಅನ್ನುವ ಹಾಗೂ ಇಲ್ಲ. ಹಾರಿಸಿದ ಖಾಲಿ ತೋಟೆಗೆ ಮದ್ದಿಗೆ ಕಿಡಿ ಹಚ್ಚುವ ಹೊಸ ಕೇಪು, ಹೊಸ ಮದ್ದು, ಹೊಸ ಗುಂಡು ಕೂರಿಸಿ ಮತ್ತೆ ಬದುಕಿಸುವ ಯಂತ್ರ ಅದು. ನೆಟ್ಟಗೆ ನಿಂತ ಸಣ್ಣ ನಳಿಗೆಯಲ್ಲಿ ಬೇಳೆಕಾಳಿನಷ್ಟಿರುವ ಕೇಪುಗಳು ಒಂದರ ಮೇಲೊಂದು ಕೂತಿರುತ್ತವೆ. ಹಿಡಿ ಎಳೆದಾಗ ಕೆಳಗಿನ ಜಾರುಪಟ್ಟಿ ಒಂದು ಕೇಪನ್ನು ಹೊತ್ತು ತೋಟೆಯ ಬುಡಕ್ಕೆ ಒಯ್ಯಬೇಕು. ಈಗ ಪಟ್ಟಿ ಅರ್ಧದಾರಿಯಲ್ಲೇ ನಿಂತುಬಿಡುತ್ತಿತ್ತು. ಯಂತ್ರ ಮಾತ್ರ ಅದೇನನ್ನೂ ಗಮನಿಸದೆ ಕೇಪಿಲ್ಲದ ತೋಟೆಗೇ ಮದ್ದು ಸುರಿಯುತ್ತಿತ್ತು. ಆ ಮದ್ದು ಬುಡದ ತೂತಿನಿಂದ ಸೋರಿ ಅದೇ ಪಟ್ಟಿಯ ಅಡಿಗೆ ಸೇರಿ ಪಟ್ಟಿ ಇನ್ನಷ್ಟು ಬಿಗಿಯುತ್ತಿತ್ತು. ಕಚೇರಿಗಳಿಗೆ ಅಲೆದವರಿಗೆ ಇದರಲ್ಲಿ ಹೊಸದೇನೂ ಕಾಣದು.

ಇದರಿಂದ ತೊಂದರೆಯಾದದ್ದು ನಮ್ಮ ಸದಸ್ಯೆ ವರ್ಲಾ ಹಾಚ್‌ಕಿಸ್‌ಗೆ. ಮೇಲಿನ ಕಣಿವೆಯಲ್ಲಿ ಗಂಡು ಎಲ್ಕ್ ಹೊಡೆಯುವ ಪರವಾನಗಿಯನ್ನು ಲಾಟರಿಯಂತೆ ಚೀಟಿ ಎತ್ತಿ ಕೊಡುತ್ತಾರೆ. ಮದುವೆಗೆ ಮುಂಚಿನಿಂದ ಅರ್ಜಿ ಹಾಕುತ್ತಿದ್ದ ವರ್ಲಾಗೆ ಅದು ಈ ವರ್ಷ ಬಂತು, ಮೊಮ್ಮಕ್ಕಳಾದ ಮೇಲೆ. ಆಕೆಯ ಕೈಯಲ್ಲಿದ್ದದ್ದು ಅಪ್ಪನ ಕಾಲದ ಕೋವಿ. ಅದರ ಅಳತೆಯ ತೋಟೆ ಮಾಡುವುದನ್ನು ಕಾರ್ಖಾನೆಗಳು ಎಂದೋ ಬಿಟ್ಟಿವೆ. ಆ ಅಳತೆಯ ಅಚ್ಚು ಇರುವುದು ನಮ್ಮ ಸಂಘದಲ್ಲಿ ಮಾತ್ರ. ಅಚ್ಚು ಸಂಘದ ಹೊಸಿಲು ದಾಟಬಾರದು ಎಂಬುದು ನಿಯಮ.

"ನನ್ನ ಕೋವಿ ತಗೊಂಡ್ಹೋಗು ವರ್ಲಾ, ಯಾಕೆ ರಗಳೆ?" ಅಂದ ಮರ್ಲ್ ಡನ್ಫಿ. ಟ್ರಕ್ ರಿಪೇರಿ ಮಾಡುವ ಮರ್ಲ್ ನಮ್ಮ ಸಂಘದ ಖಜಾಂಚಿ.

"ನಿನ್ನ ಕೋವೀಲಿ ನೀನೇ ಏನೂ ಹೊಡೆದಿಲ್ವಲ್ಲ ಮಾರಾಯ. ನಮ್ಮಪ್ಪನ ಕೋವೀಲೇ ಹೊಡೀತೀನಿ. ಕೇಪು ಕೈಯಲ್ಲೇ ಕೂರಿಸ್ಕೊಂಡ್ರೆ ಆಗಲ್ವಾ?"

ಆಗುವುದಿಲ್ಲ. ಹಿಂದೊಮ್ಮೆ ಒಬ್ಬ ಸದಸ್ಯ ಬೀನ್ಸ್ ಕಾಳಿನ ಸಾರು ತಿನ್ನುತ್ತಾ ಕೈಯಲ್ಲಿ ಕೇಪು ಕೂರಿಸಲು ಹೋಗಿ, ಕಾಳನ್ನು ತೋಟೆಗೂ ಕೇಪನ್ನು ಬಾಯಿಗೂ ಹಾಕಿಕೊಂಡಿದ್ದ. ಅಂದಿನಿಂದ ಕೈಕೆಲಸ ನಿಷಿದ್ಧ. ಸಾರಿನ ಮೇಲೆ ನಿಷೇಧವಿಲ್ಲ.

"ಹಾಗಾದ್ರೆ ಬಿಚ್ಚಿ, ಒಂದು ಬ್ರಷ್ಷಲ್ಲಿ ಮದ್ದು ಗುಡಿಸಿಬಿಡಿ," ಅಂದಳು ವರ್ಲಾ.

ಸಭಾಭವನದಲ್ಲಿ ಕಾಫಿ ಕುಡಿಯುತ್ತಿದ್ದವರೆಲ್ಲ ಲೋಟ ಕೆಳಗಿಟ್ಟರು. ಅಧ್ಯಕ್ಷ ಓರಿನ್ ಟ್ಯಾಕೆಟ್ ಎದ್ದು ನಿಂತ. ಕೌಂಟಿಯ ರಸ್ತೆ ವಿಭಾಗದಲ್ಲಿದ್ದು ನಿವೃತ್ತನಾದವನು. ಅವನ ಕಾಲದಲ್ಲಿ ಕುಸಿದು ಕೂತ ರಸ್ತೆಗಳು ಈಗಲೂ ಕೂತೇ ಇವೆ.

"ವರ್ಲಾ, ಇದು ಹಾರ್ಲನ್ ಸ್ಕೂಗ್ ಸ್ಮಾರಕ ಯಂತ್ರ. ಹಿತ್ತಾಳೆ ಫಲಕ ನೋಡು. ಸ್ಮಾರಕಕ್ಕೆ ಸ್ಕ್ರೂಡ್ರೈವರ್ ಹಚ್ಚಬೇಕಾದ್ರೆ ಸ್ಮಾರಕ ಸಮಿತಿ ಒಪ್ಪಿಗೆ ಬೇಕು."

"ಆ ಸಮಿತಿಯವರೆಲ್ಲಿ?"

"ಹಾರ್ಲನ್ ಪಕ್ಕದಲ್ಲೇ ಇದ್ದಾರೆ. ಎಲ್ಲರೂ."

ಹೊಸ ಸಮಿತಿ ನೇಮಿಸಲು ಹಳೆಯ ಸಮಿತಿಯ ಸಹಿ ಬೇಕು. ಆದ್ದರಿಂದ ಮುಂದಿನ ಶನಿವಾರ ಮಧ್ಯಾಹ್ನ ಲೂಥರನ್ ಚರ್ಚಿನ ಸ್ಮಶಾನದಲ್ಲಿ ಸಭೆ ಕರೆಯಲಾಯಿತು. ಸದಸ್ಯರು ತಮ್ಮ ತಮ್ಮ ಮಡಚು ಕುರ್ಚಿ ತರತಕ್ಕದ್ದು, ಹಾಲಿ ಸಮಿತಿಯವರಿಗೆ ಈ ಷರತ್ತು ಅನ್ವಯಿಸುವುದಿಲ್ಲ ಎಂದು ಪ್ರಕಟಣೆ ಹೊರಟಿತು. ಸಂಘದ ಹುಲ್ಲು ಕತ್ತರಿಸುವವನಾದ್ದರಿಂದ ನನಗೆ ಮತವಿಲ್ಲ, ಸಭೆಯ ಕೊನೆಗೆ ಹಂಚುವ ಹಣ್ಣಿನ ಪೈ ಮಾತ್ರ ಉಂಟು. ಆದರೂ ಕುರ್ಚಿ ಹೊತ್ತುಕೊಂಡು ಹೋದೆ.

ಮೊದಲು ಬಾವುಟಕ್ಕೆ ವಂದನೆ ಆಯಿತು. ಆಮೇಲೆ ಓರಿನ್ ಸಮಾಧಿಗಳ ಕಡೆ ತಿರುಗಿ ಠರಾವು ಓದಿದ. "ವಿರೋಧ ಇರೋರು?"

ಯಾರೂ ಮಾತಾಡಲಿಲ್ಲ. ವರ್ಲಾಳ ಮುಖ ಅರಳಿತು.

"ಪರವಾಗಿರೋರು?"

ಅವರು ಅದಕ್ಕೂ ಮಾತಾಡಲಿಲ್ಲ.

"ಎರಡೂ ಕಡೆ ಸಮ. ಸಮ ಬಂದ್ರೆ ಠರಾವು ಬಿದ್ದ ಹಾಗೆ," ಅಂತ ಓರಿನ್ ಕೈಯಲ್ಲಿದ್ದ ಮರದ ಸುತ್ತಿಗೆಯಿಂದ ಹತ್ತಿರದ ಕಲ್ಲಿಗೆ ಕುಟ್ಟಿದ. ಸಮಿತಿಯ ಸ್ವತಂತ್ರ ನಿಲುವನ್ನು ಹಲವರು ಮೆಚ್ಚಿಕೊಂಡರು.

"ಇದ್ದಾಗಲೂ ಹಿಂಗೇ ಇದ್ರು ಕಣೆ," ಅಂತ ಮರ್ಲ್ ವರ್ಲಾಗೆ ಸಮಾಧಾನ ಹೇಳಿದ. "ಒಂದಕ್ಕೂ ಬಾಯಿ ಬಿಡ್ತಿರ್ಲಿಲ್ಲ."

ಬಿಚ್ಚುವುದು ತಪ್ಪು, ಆದರೆ ಎಣ್ಣೆ ಬಿಡುವುದು ಬಿಚ್ಚುವುದಲ್ಲ ಎಂಬ ಅಂಶವನ್ನು ಆ ವಾರ ಕಂಡುಹಿಡಿದವನು ಗೇಲೆನ್ ವಾಸ್. ಅವನು ಸಂಘದ ಸುರಕ್ಷತಾಧಿಕಾರಿ. ಎಡಗಣ್ಣಿಗೊಂದು, ಬಲಗಣ್ಣಿಗೊಂದು ಬೇರೆ ಬೇರೆ ಕನ್ನಡಕ ಇಟ್ಟುಕೊಳ್ಳುವಷ್ಟು ಎಚ್ಚರದ ಮನುಷ್ಯ. ನಮ್ಮ ಕಣಿವೆಯಲ್ಲಿ ಗಂಡಸಿಗೆ ಹೆಂಡತಿ ಬದಲಾದರೂ ಕೋವಿಯ ಎಣ್ಣೆ ಬದಲಾಗುವುದಿಲ್ಲ. ಗೇಲೆನ್ ಹೊಲಿಗೆ ಯಂತ್ರದ ಎಣ್ಣೆಯವನು, ಓರಿನ್ ಟ್ರಕ್ಕಿನ ಗೇರ್ ಎಣ್ಣೆಯವನು, ಮರ್ಲ್ ತಾತನ ಕಾಲದಿಂದ ಬಂದ ಕರಡಿ ಕೊಬ್ಬಿನವನು. ಇನ್ನೊಬ್ಬರ ಎಣ್ಣೆಯಿಂದಲೇ ಪಟ್ಟಿ ಕಚ್ಚಿಕೊಂಡಿದೆ ಎಂದು ಪ್ರತಿಯೊಬ್ಬನಿಗೂ ಗೊತ್ತಿತ್ತು. ಅದನ್ನು ಸರಿಪಡಿಸಲು ಪ್ರತಿಯೊಬ್ಬನೂ ಉಳಿದವರು ಇಲ್ಲದಾಗ ಬಂದು ತನ್ನದೊಂದಷ್ಟು ಬಿಟ್ಟು ಹೋಗುತ್ತಿದ್ದ. ನಾನು ಹುಲ್ಲು ಕತ್ತರಿಸುತ್ತಾ ನೋಡಿದ್ದೇನೆ. ಹೋಗುವಾಗ ಎಲ್ಲರೂ ಒಂದೇ ಥರ ಕೈ ಒರೆಸಿಕೊಂಡು ಹೋಗುತ್ತಿದ್ದರು.

ಎಣ್ಣೆ, ಕೊಬ್ಬು, ಮದ್ದು ಮೂರೂ ಕಲೆತು ಪಟ್ಟಿಯ ಅಡಿಯಲ್ಲಿ ಕರಿ ಹಲ್ವ ಆಯಿತು. ವಿಚಿತ್ರವೆಂದರೆ ಪಟ್ಟಿ ಕೊಂಚ ಸರಿಯತೊಡಗಿತು. ವರ್ಲಾ ಹಿಡಿ ಎಳೆದು ಎಳೆದು ತೋಳು ನೋಯಿಸಿಕೊಂಡು ಕೆಲವು ತೋಟೆ ತುಂಬಿಸಿದಳು. ಗುರಿ ಹೊಡೆಯುವ ಮೈದಾನಕ್ಕೆ ಹೋಗಿ ಒಂದನ್ನು ಹಾರಿಸಿದಳು. ಟಿಕ್ ಅಂತು. ಇನ್ನೊಂದು, ಅದೂ ಟಿಕ್. ಕೇಪು ಎಣ್ಣೆ ಕುಡಿದು ಸತ್ತಿತ್ತು.

"ನೋಡ್ರಪ್ಪಾ," ಅಂದ ಗೇಲೆನ್. ಅವನ ಕಣ್ಣು ಒದ್ದೆಯಾಗಿತ್ತು. "ಇಷ್ಟು ವರ್ಷದಲ್ಲಿ ಇಷ್ಟು ಸುರಕ್ಷಿತವಾದ ತೋಟೆ ಯಾರಾದ್ರೂ ಮಾಡಿದ್ರಾ?"

"ಗೇಲೆನ್, ಇದು ಎಲ್ಕ್‌ಗೂ ಸುರಕ್ಷಿತ ಕಣೋ!"

"ಸುರಕ್ಷತೆಯಲ್ಲಿ ಭೇದ ಮಾಡಬಾರದು ವರ್ಲಾ."

ಆ ತಿಂಗಳ ಸುರಕ್ಷತಾ ಪದಕವನ್ನು ವರ್ಲಾಗೇ ಕೊಟ್ಟರು. ಅದನ್ನು ಕೋಟಿಗೆ ಚುಚ್ಚಿಕೊಂಡು ಆಕೆ ದಿನವೂ ಬಂದು ಹಿಡಿ ಎಳೆದಳು, ಕಾಲ ಸವೆಯುತ್ತಾ ಹೋಯಿತು. ಹಾಗೆ ಬೇಟೆಯ ಕೊನೆಯ ಭಾನುವಾರ ಬಂದುಬಿಟ್ಟಿತು.

ಅವತ್ತು ಬೆಳಿಗ್ಗೆ ತುರ್ತು ಸಭೆ. ಎಣ್ಣೆಗಳ ನಡುವೆ ಸೌಹಾರ್ದ ಸಮಿತಿಯೊಂದನ್ನು ರಚಿಸುವ ವಿಚಾರ ಚರ್ಚೆಯಲ್ಲಿತ್ತು. ವರ್ಲಾ ಕೋವಿ ಮಡಿಲಲ್ಲಿ ಇಟ್ಟುಕೊಂಡು ಕಿಟಕಿ ಪಕ್ಕ ಕೂತಿದ್ದಳು. ಹೊರಗೆ ಹಿಮದ ಮೇಲೆ, ಗುರಿ ಹಲಗೆಗಳ ನಡುವೆ, ಒಂದು ಗಂಡು ಎಲ್ಕ್ ಬಂದು ನಿಂತಿತು. ಕುದುರೆಯಷ್ಟು ಎತ್ತರ, ತಲೆಯ ಮೇಲೆ ಒಣಮರ ಹೊತ್ತ ಹಾಗೆ ಕೊಂಬು. ಪರವಾನಗಿ ನಡೆಯುವ ಕಣಿವೆಯ ಎಲ್ಲೆಯಲ್ಲಿ ಬೇಲಿಯ ತನಕ ನಮ್ಮ ಮೈದಾನವೂ ಸೇರಿದೆ. ಪ್ರಾಣಿ ಎಲ್ಲೆಯ ಒಳಗೇ ಇತ್ತು, ಎಲ್ಲ ಕಾನೂನಿಗೂ ಸರಿಯಾಗಿ.

ವರ್ಲಾ ಎದ್ದಳು.

"ಕೂತ್ಕೋ," ಅಂದ ಗೇಲೆನ್. "ಸಭೆ ನಡೆಯೋವಾಗ ಕೆಂಪು ಬಾವುಟ ಏರಿರುತ್ತೆ. ಯಾರೂ ಹಾರಿಸೋ ಹಾಗಿಲ್ಲ."

"ಹಾಗಾದ್ರೆ ಸಭೆ ಮುಗಿಸಬೇಕೂಂತ ಸೂಚಿಸ್ತೀನಿ."

"ಅನುಮೋದಿಸ್ತೀನಿ!" ಅಂತ ಮರ್ಲ್ ಕೂಗಿದ. ಎಲ್ಲರೂ ಕೈ ಎತ್ತಿದರು. ಎಲ್ಕ್ ಕತ್ತೆತ್ತಿ ಒಳಗೆ ನೋಡಿತು, ಮತ ಎಣಿಸುವ ಹಾಗೆ.

"ಸಭೆ ಮುಗೀತು," ಅಂದ ಓರಿನ್. "ಇನ್ನು ಪೈ."

ಎಲ್ಲರೂ ಪೈ ತಿಂದು ಮುಗಿಸದೆ ಸಭೆಯಿಂದ ಏಳುವ, ಬಾವುಟ ಇಳಿಸುವ ಪದ್ಧತಿ ನಮ್ಮಲ್ಲಿಲ್ಲ. ವರ್ಲಾ ತನ್ನ ಹಕಲ್‌ಬೆರಿ ಪೈ ಚೂರನ್ನು ಅಗಿಯದೆ ನುಂಗಿದಳು. ಮರ್ಲ್ ಇನ್ನೊಂದು ಚೂರು ಹಾಕಿಸಿಕೊಂಡ.

"ಮರ್ಲ್, ನಿನ್ ದಮ್ಮಯ್ಯ, ಬೇಗ ತಿನ್ನೋ!"

"ಬಿಸಿ ಇದೆ ಕಣೆ!"

ಎಲ್ಕ್ ಕಾದಿತು. ಅಂಥ ಸಹನೆ ಸದಸ್ಯರಲ್ಲೂ ಅಪರೂಪ. ಕಡೆಗೆ ಬಾವುಟ ಇಳಿಯಿತು. ವರ್ಲಾ ಹೊರಗೆ ಬಂದು ಕಂಬಕ್ಕೆ ಕೋವಿ ಒರಗಿಸಿ, ಭುಜದ ಹಿಂದಕ್ಕೆ ಗುರಿ ಹಿಡಿದು, ಉಸಿರು ಕಟ್ಟಿ ಬೆರಳಿನಿಂದ ಕೋವಿಯ ಕುದುರೆ ಒತ್ತಿದಳು.

ಟಿಕ್.

ಎಲ್ಕ್ ಕಿವಿ ಆಡಿಸಿತು. ವರ್ಲಾ ಇನ್ನೊಂದು ತೋಟೆ ಹಾಕಿದಳು, ಮತ್ತೊಂದು ಹಾಕಿದಳು. ಎಲ್ಲ ಟಿಕ್. ಆಮೇಲೆ ಎಲ್ಕ್ ಬೇಲಿ ದಾಟಿ ನಿಧಾನಕ್ಕೆ ಹೋಯಿತು. ವರ್ಲಾ ಹಿಮದಲ್ಲಿ ಕೋವಿ ಇಳಿಸಿದಳು. ನಾವೆಲ್ಲ ಹೋಗಿ ಅವಳ ಸುತ್ತ ಸೇರಿದೆವು.

ಮೊದಲು ಕೇಳಿದವನು ಓರಿನ್. "ಗುರಿ ಸರಿ ಇತ್ತು ತಾನೆ?"

"ಭುಜದ ಹಿಂದಕ್ಕೇ ಇತ್ತು, ನಾನು ನೋಡ್ದೆ," ಅಂದ ಮರ್ಲ್.

"ಕುದುರೆ ಒತ್ತಿದ್ದೂ ಸರಿ ಇತ್ತು," ಅಂದ ಗೇಲೆನ್.

"ಅಂದಮೇಲೆ ಬೇಟೆಗಾರ್ತಿಯ ತಪ್ಪಿಲ್ಲ," ಅಂದ ಓರಿನ್. "ಯಂತ್ರ ಕೆಟ್ಟಿದೆ ಅಂತ ಸಭೆ ಒಪ್ಪಿಲ್ಲವಾದ್ದರಿಂದ ಯಂತ್ರದ ತಪ್ಪೂ ಇಲ್ಲ. ಯಾರದೂ ತಪ್ಪಿಲ್ಲದ ಮೇಲೆ ಎಲ್ಕ್ ಬಿದ್ದ ಹಾಗೇ ಲೆಕ್ಕ."

ಇದರಲ್ಲಿ ದೋಷ ಹುಡುಕಲು ಯಾರಿಗೂ ಆಗಲಿಲ್ಲ. ಗೋಡೆಯ ಗೌರವ ಫಲಕಕ್ಕೆ ವರ್ಲಾಳ ಹೆಸರು ಬರೆಯುವುದೆಂದು ತೀರ್ಮಾನವಾಯಿತು. ಕೊಂಬಿಗೆ ಆರು ಕವಲು ಎಂದು ಓರಿನ್ ಹೇಳುತ್ತಿದ್ದಾಗ ವರ್ಲಾ ಅದೇ ಮೊದಲು ಬಾಯಿ ತೆರೆದಳು.

"ಏಳು," ಅಂದಳು. ಕಣ್ಣು ಒರೆಸಿಕೊಂಡಳು. "ಆರಾದ್ರೆ ನಾನು ಹೊಡೀತಾನೇ ಇರ್ಲಿಲ್ಲ."

ಹೊಡೆದ ಎಲ್ಕ್‌ನ ಮಾಂಸದಲ್ಲಿ ಸಂಘಕ್ಕೆ ಊಟ ಹಾಕುವುದು ಸಂಪ್ರದಾಯ. ಮರ್ಲ್ ಪೇಟೆಯಿಂದ ದನದ ಮಾಂಸ ತಂದ. ಪರವಾನಗಿ ಚೀಟಿಯನ್ನು ಮಾಂಸಕ್ಕೆ ಕಟ್ಟಬೇಕೆಂಬುದು ಕಾನೂನು, ಆದ್ದರಿಂದ ಕಟ್ಟಿದೆವು. ಮಾಂಸ ಮೆತ್ತಗೆ ಬೆಂದಿತ್ತು.

"ಓಡಿಸದೆ, ಗಾಬರಿ ಮಾಡದೆ ಹೊಡೆದ್ರೆ ಹೀಗೇ ಮೆತ್ತಗಿರುತ್ತೆ," ಅಂತ ವರ್ಲಾ ಎಲ್ಲರಿಗೂ ವಿವರಿಸಿದಳು. "ಅದಕ್ಕೆ ಗೊತ್ತೇ ಆಗ್ಲಿಲ್ಲ, ಪಾಪ."

ಅಷ್ಟು ಹೊತ್ತಿಗೆ ಅದೇ ಎಲ್ಕ್ ಮತ್ತೆ ಬಂದು ಕಿಟಕಿಯ ಗಾಜಿಗೆ ಮೂಗು ಒತ್ತಿ ಒಳಗೆ ನೋಡತೊಡಗಿತು. ವರ್ಲಾ ಎದ್ದು, ತೀರಿಕೊಂಡವರ ಎದುರು ಊಟ ಮಾಡುವುದು ಒಳ್ಳೆಯದಲ್ಲವೆಂದು, ಪರದೆ ಎಳೆದಳು.